ಯಾರದೂ ಅಲ್ಲದ ವಿಡಿಯೋ ಗೇಮ್

ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ ಗದ್ದೆಮ್ಮ ಎರಡು ಕಪ್ ಚಹಾ ಮಾಡಿದಳು. ಎರಡನೆಯದು ಯಾರಿಗೆ ಎಂದು ಹೊಳೆದದ್ದು ಸೋಸಿದ ಮೇಲೆ. ಚೆಲ್ಲುವುದು ಬೇಡವೆಂದು ಅದನ್ನೂ ತಾನೇ ಕುಡಿಯುತ್ತಿರುವಾಗ ಪಕ್ಕದ ಮನೆಯ ಹುಸೇನಮ್ಮ ಬಂದಳು. ಕೈಯಲ್ಲಿ ಅರ್ಧ ಪೇಪರಿತ್ತು.

"ಗದ್ದೆಮ್ಮ, ವಿಡಿಯೋ ಗೇಮ್ ಬಂದ್ ಮಾಡ್ಯಾರಂತಲ್ಲವ್ವ ಸರ್ಕಾರದವ್ರು! ಎಂ.ಎ. ಓದಾಕಿ ನೀ, ಓದಿ ಹೇಳು."

‘ರಾಜ್ಯದಲ್ಲಿ ವಿಡಿಯೋ ಗೇಮ್ ನಿಷೇಧ, ತಪ್ಪಿದರೆ ಜೈಲು’ ಎಂದು ದಪ್ಪ ಅಕ್ಷರದಲ್ಲಿತ್ತು. ವಿವರ ಇರಬೇಕಾದ ಕಡೆ ಹರಿದಿತ್ತು.

"ಉಳಿದದ್ದೆಲ್ಲಿ?"

"ಚಹಾದಂಗಡ್ಯಾಗ ಹರಕೊಂಡು ಓದಾಕತ್ತಾರ. ನನ್ನ ಪಾಲಿಗೆ ಇಷ್ಟ ಬಂತು. ಜೈಲು ಅಂತ ಐತಲ್ಲ, ಇನ್ನೇನು ಬೇಕು?"

ಸಿಂಧನೂರು ಆಗಲೇ ಎದ್ದು ಕೂತಿತ್ತು. ಬಸ್‌ಸ್ಟ್ಯಾಂಡಿನ ಗೇಮ್ ಅಂಗಡಿಯವನು ಹೊತ್ತು ಏರುವುದರೊಳಗೆ ಜ್ಯೋತಿಷ್ಯ ಕೇಂದ್ರವೆಂದು ಬೋರ್ಡು ಹಾಕಿದ್ದನಂತೆ. ಪರದೆ ಅದೇ, ಕುರ್ಚಿ ಅದೇ, ಒಳಗೆ ಹೋಗುವ ಹುಡುಗರೂ ಅವರೇ. ರೈಸ್ ಮಿಲ್ಲಿನ ಸಾಹುಕಾರನೊಬ್ಬ ಮಗನ ಗೇಮನ್ನು ಭತ್ತದ ಚೀಲದಲ್ಲಿ ಹಾಕಿ ಹೊಲಿಸಿದ್ದ. ಯಾವ ಚೀಲವೆಂದು ಮರೆತು, ಈಗ ಹಮಾಲರು ಒಂದೊಂದೇ ಚೀಲವನ್ನು ತೆಂಗಿನಕಾಯಿಯ ಹಾಗೆ ಅಲ್ಲಾಡಿಸಿ ಕಿವಿಗೊಟ್ಟು ಕೇಳುತ್ತಿದ್ದರಂತೆ.

ಹುಸೇನಮ್ಮ ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸಿದರೆ ನಾಲ್ಕು ಮನೆಗಷ್ಟೇ ಕೇಳುತ್ತಿತ್ತು. "ನಿಮ್ಮನ್ಯಾಗೂ ಐತಲ್ಲ?"

ಇತ್ತು. ಪಡಸಾಲೆಯ ಮೂಲೆಯಲ್ಲಿ, ಟೇಬಲ್ ಫ್ಯಾನಿನ ಕೆಳಗೆ, ಕಸೂತಿ ಬಟ್ಟೆ ಹೊದ್ದುಕೊಂಡು ಪೀಠದ ಹಾಗೆ ಕೂತಿತ್ತು. ನೀರಾವರಿ ಆಫೀಸಿನ ಗುಮಾಸ್ತನಾಗಿದ್ದ ಅವಳ ಗಂಡ ಪಂಪಣ್ಣ ಶಿವರಾತ್ರಿಯ ಹೊತ್ತಿಗೆ ಅದನ್ನು ತಂದಿದ್ದ. "ನಮ್ಮ ನರಸಣ್ಣಂದು. ಎರಡು ದಿನಕ್ಕ ಎರವಲು ತಂದೀನಿ" ಎಂದಿದ್ದ. ಆ ಎರಡು ದಿನ ಮೂರು ತಿಂಗಳಾಗಿತ್ತು. ದಿನಾ ಸಂಜೆ ಟೀವಿಗೆ ಹಚ್ಚಿ, ಬೆರಳುಗುರಿನಷ್ಟು ಕಾರನ್ನು ತಗ್ಗು ಹಾರಿಸುತ್ತಿದ್ದ. ಕಾರು ಮೂರನೇ ತಗ್ಗಿನಲ್ಲಿ ಬೀಳುತ್ತಿತ್ತು. "ನಾಳಿ ದಾಟಸ್ತೀನಿ ನೋಡು" ಎನ್ನುತ್ತಿದ್ದ. ಹದಿನಾಲ್ಕು ದಿನದ ಹಿಂದೆ ಆಫೀಸಿನಲ್ಲಿ ಫೈಲಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ.

ಫ್ಯಾನು ಮಾತ್ರ ಅವಳದು. ಬೇಸಿಗೆಗೆ ಒಂದು ಫ್ಯಾನು ಬೇಕೆಂದು ಹಟ ಹಿಡಿದಿದ್ದಳು. ಯುಗಾದಿಯ ಬೆಳಿಗ್ಗೆ ಪಂಪಣ್ಣ ಅದನ್ನು ತಂದು, ಅವಳ ಕಾಲೇಜಿನ ದಿನದ ಕೆಂಪು ರಿಬ್ಬನ್ನನ್ನೇ ಹುಡುಕಿ ಅದರ ಕುತ್ತಿಗೆಗೆ ಕಟ್ಟಿ, "ನಿನಗಂತ ಕೊಂಡೆ" ಎಂದು ಮುಂದಿಟ್ಟಿದ್ದ.

"ಇವತ್ತ ಐದಕ್ಕ ಪೊಲೀಸ ಬರ್ತಾನ ಅಲ್ಲೇನು ನಿಮ್ಮನಿಗೆ?" ಹುಸೇನಮ್ಮ ಎದೆ ಮುಟ್ಟಿಕೊಂಡಳು.

ಗಂಡನ ಜಾಗದಲ್ಲಿ ಅವಳಿಗೆ ನೌಕರಿ ಕೊಡುವ ಕಾಗದ ಹೊರಟಿತ್ತು. ಮನೆತನ ಚಲೋ ಎಂದು ಠಾಣೆಯವರು ನೋಡಿ ಬರೆಯಬೇಕು. ಬರೆಯದಿದ್ದರೆ ಸಾಲಗುಂದದ ಅಣ್ಣನ ಮನೆ. ಅಣ್ಣ "ಚಕ್ಕಡಿ ಕಳಿಸ್ಲೇನು" ಎಂದು ಎರಡು ಸಲ ಕೇಳಿಯಾಗಿತ್ತು. ಮೂರನೇ ಸಲ ಕೇಳುವುದಿಲ್ಲ, ಚಕ್ಕಡಿಯೇ ಬರುತ್ತದೆ. ಅಲ್ಲಿ ಅತ್ತಿಗೆ ಅಡುಗೆಮನೆಯ ಮೂಲೆಯೊಂದನ್ನು ಈಗಾಗಲೇ ಖಾಲಿ ಮಾಡಿಟ್ಟಿದ್ದಳು.

"ಕಾಲುವ್ಯಾಗ ಒಗದು ಬಾ, ಹೋಗು."

"ಮಂದಿ ಸಾಮಾನು ಹ್ಯಾಂಗ ಒಗೀಲಿ? ಯಾರದೋ ಅವ್ರಿಗೆ ಕೊಟ್ಟು ಬರ್ತೀನಿ," ಎಂದು ಗದ್ದೆಮ್ಮ ಗೇಮಿನ ಪೆಟ್ಟಿಗೆಯನ್ನು ಹಾಸಿಗೆಯ ಚಾದರದಲ್ಲಿ ಕಟ್ಟಿದಳು.

ನೀರಾವರಿ ಆಫೀಸಿನಲ್ಲಿ ನರಸಣ್ಣ ಚಾದರದ ಗಂಟು ನೋಡಿದವನೇ ಮೇಜಿನ ಆಚೆ ಬದಿಗೆ ಸರಿದ.

"ತಂಗಿ, ಆಫೀಸಿಗೆ ತರ್ತಾರೇನವ್ವ ಅದನ್ನ! ನಂದಲ್ಲ. ನಮ್ಮನ್ಯಾಗ ಬರೇ ಟೀವಿ ಐತಿ, ಅಷ್ಟ."

"ನಿಮ್ಮದು ಅಂತ ನಮ್ಮನಿಯವ್ರು ಅಂದಿದ್ರಲ್ರೀ."

"ನನಗ ಮಸ್ಕಿ ಮಾಳಿಂಗಪ್ಪಂದು ಅಂದಿದ್ದ. ಬೀಗರು ಬಂದಾರ, ಒಂದಿನ ಕೊಡೋ ಮಾರಾಯ ಅಂತ ಕೈ ಮುಗದೀನಿ. ಎರವಲು ತಂದದ್ದು, ನಿನಗ ಹ್ಯಾಂಗ ಕೊಡ್ಲಿ ಅಂದುಬಿಟ್ಟ." ಆಮೇಲೆ ಬಾಗಿಲ ಕಡೆ ನೋಡಿ ಪಿಸುಗುಟ್ಟಿದ: "ಹುಷಾರವ್ವ. ನಿನ್ನ ಕಾಗದ ನಾಕು ದಿನದಾಗ ಠಾಣೆ ಮುಟ್ಟೈತಿ. ನನ್ನ ಇನ್‌ಕ್ರಿಮೆಂಟ್ ಕಾಗದ ಆರು ವರ್ಷದಿಂದ ಆ ಮೇಜಿನಿಂದ ಈ ಮೇಜಿಗೆ ಬಂದಿಲ್ಲ. ಹವಾಲ್ದಾರ್ ಗೋಪಣ್ಣ ತಾನ ಕೇಳಿ ಇಸ್ಕೊಂಡಾನಂತ. ಏನೋ ವಾಸನಿ ಹಿಡದಾನ."

ಗದ್ದೆಮ್ಮ ಮಸ್ಕಿಯ ಬಸ್ಸು ಹತ್ತಿದಳು. ಕಂಡಕ್ಟರ್ ಗಂಟಿನ ಮುಂದೆ ನಿಂತ.

"ಏನೈತವ್ವ ಇದರಾಗ?"

"ಕುಕ್ಕರು."

"ವೈರ್ ಜೋತಾಡಾಕತ್ತೈತಲ್ಲ?"

"ಕರೆಂಟಿನ ಕುಕ್ಕರು."

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪಕ್ಕದಲ್ಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಮುದುಕಿಯೊಬ್ಬಳು ಮೀನಿನ ಬುಟ್ಟಿ ಹಿಡಿದು ಕೂತಿದ್ದಳು. ಅವಳು ಗದ್ದೆಮ್ಮನ ಬರಿಗೊರಳನ್ನೊಮ್ಮೆ, ಗಂಟನ್ನೊಮ್ಮೆ ನೋಡಿ, ಏನೂ ಕೇಳದೆ ತನ್ನ ಬುಟ್ಟಿಯನ್ನು ಗಂಟಿನ ಮೇಲಿಟ್ಟಳು. "ಈಗ ಯಾರೂ ಕೇಳೋದಿಲ್ಲ," ಎಂದಳು. ಕಂಡಕ್ಟರ್ ಮೂಗು ಮುಚ್ಚಿಕೊಂಡು ಮುಂದೆ ಹೋದ. ಮಸ್ಕಿಯಲ್ಲಿ ಇಳಿಯುವಾಗ ಪೆಟ್ಟಿಗೆಯ ಮೇಲೆ ಯಾವ ಅನುಮಾನವೂ ಉಳಿದಿರಲಿಲ್ಲ, ಮೀನಿನ ನೀರು ಮಾತ್ರ ಇತ್ತು.

ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಎಂ.ಎ. ಮಾಡುವಾಗ ಗದ್ದೆಮ್ಮ ಅದರ ಮೇಲೆ ಎಂಟು ಪುಟ ಬರೆದಿದ್ದಳು. ಎರಡು ಸಾವಿರ ವರ್ಷದ ಸರ್ಕಾರಿ ಆದೇಶ, ಕಲ್ಲಿನಲ್ಲಿ ಕೊರೆದದ್ದು. ಅದನ್ನು ಓದಿ ಊರವರು ಯಾರೂ ಹೆದರಿದ್ದನ್ನು ಅವಳು ಕಂಡಿರಲಿಲ್ಲ. ಅರ್ಧ ಪೇಪರಿಗೆ ಮಾತ್ರ ಊರೆಲ್ಲ ನಡುಗುತ್ತಿತ್ತು.

ಮಾಳಿಂಗಪ್ಪನದು ರೇಡಿಯೋ ರಿಪೇರಿ ಅಂಗಡಿ. ಗಂಟನ್ನು ಕಂಡು ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಡ್ಡ ಹಿಡಿದ.

"ಇಲ್ಲವ್ವ, ಆಗಂಗಿಲ್ಲ! ಇದನ್ನ ರೇಡಿಯೋ ಮಾಡಿಕೊಡು ಅಂತ ಮುಂಜಾನಿಂದ ಆರು ಮಂದಿ ಬಂದಾರ. ಒಬ್ಬಾಂವ ಇಸ್ತ್ರಿಪೆಟ್ಟಿಗಿ ಮಾಡು ಅಂದ."

"ಮಾಡೋದು ಬ್ಯಾಡ್ರಿ. ನಿಮ್ಮದು ನೀವು ಇಟ್ಕೋರಿ. ನಾ ಪಂಪಣ್ಣನ ಹೆಂಡ್ತಿ, ಅವ್ರು ನಿಮ್ಮ ಕಡಿಂದ ತಂದಿದ್ರಂತ."

"ಯಾರ ಅಂದಾರ? ಲಿಂಗಸೂಗೂರ ಬಂದೇಸಾಬಂದು ಅಂತ ನನ್ನ ಮುಂದ ಆಣಿ ಮಾಡಿ ಹೇಳ್ಯಾನ. ಮಗಳ ಹುಟ್ಟಿದಹಬ್ಬಕ್ಕ ಒಂದ ತಾಸು ಕೊಡು ಅಂದ್ರ, ಎರವಲಿಂದು ಕೊಡಂಗಿಲ್ಲ ಅಂದ."

ಸುಳ್ಳು ಹೇಳುತ್ತಿದ್ದಾರೆ, ಜೈಲಿಗೆ ಹೆದರಿದ್ದಾರೆ ಎಂದುಕೊಂಡಳು ಗದ್ದೆಮ್ಮ. ಬಿಸಿಲು ನೆತ್ತಿಗೆ ಬಂದಿತ್ತು. ಬೆಳಿಗ್ಗೆಯ ಎರಡು ಕಪ್ ಚಹಾದ ಮೇಲೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವಳು ಲಿಂಗಸೂಗೂರಿನ ಬಸ್ಸು ಹತ್ತಿದಳು.

ಲಿಂಗಸೂಗೂರಿನಲ್ಲಿ ಬಂದೇಸಾಬನ ಟೀವಿ ಅಂಗಡಿ ಮುಚ್ಚಿತ್ತು. ಕಟ್ಟೆಯ ಮೇಲೆ ಗಡ್ಡದ ಮುದುಕನೊಬ್ಬ ಕೂತಿದ್ದ.

"ಈ ಅಂಗಡಿ ಯಾರದ್ರಿ?"

"ಮಾಲೂಮಿಲ್ಲವ್ವ. ನಾ ನೆರಳಿಗೆ ಕುಂತೀನಿ."

ಅವನ ತಲೆಯ ಮೇಲಿನ ಬೋರ್ಡಿನಲ್ಲಿ ಅವನದೇ ಫೋಟೋ ನಗುತ್ತಿತ್ತು. ಗದ್ದೆಮ್ಮ ಗಂಟನ್ನು ಅವನ ಪಕ್ಕದಲ್ಲಿಟ್ಟು ತಾನೂ ಕೂತಳು.

"ನಾ ಸಿಂಧನೂರ ಪಂಪಣ್ಣನ ಹೆಂಡ್ತಿ. ನಾನೂ ನೆರಳಿಗೆ ಕುಂತೀನಿ. ಇದನ್ನ ನೀವು ಇಸ್ಕೊಳ್ಳೋ ತನಕ ಏಳಂಗಿಲ್ಲ."

ಒಂದು ಬಸ್ಸು ಹೋಯಿತು. ಎರಡನೇ ಬಸ್ಸು ಹೋಯಿತು. ಮೀನಿನ ವಾಸನೆಗೆ ಒಂದು ಬೆಕ್ಕು ಬಂದು ಗಂಟಿನ ಎದುರು ಕೂತಿತು. ಬಂದೇಸಾಬನ ಧೈರ್ಯ ಕರಗಿತು. ಶಟರ್ ಮೊಳಕಾಲಿನವರೆಗೆ ಎತ್ತಿ, ಬಗ್ಗಿ ಒಳಗೆ ಹೋಗಿ, ಒಂದು ಕಾರ್ಡು ಹಿಡಿದುಕೊಂಡು ಹೊರಬಂದ.

ಗ್ಯಾರಂಟಿ ಕಾರ್ಡು. ಮೇಲೆ ಪಂಪಣ್ಣನ ಹೆಸರು. ಕೆಳಗೆ ಬಾಲ ಎಳೆದ ಅವನ ಸಹಿ.

"ಹೊಸಾದ ಕೊಂಡಾನವ್ವ, ಶಿವರಾತ್ರಿ ಮುಂದ. ಯಾಕಲೇ ಕಂಡಕಂಡವರಿಗೆ ಎರವಲು ಅಂತಿ ಅಂತ ನಾನೂ ಕೇಳೀನಿ. ‘ನಂದು ಅಂದ್ರ ಸಿಂಧನೂರ ತುಂಬ ಎರವಲು ಕೇಳ್ತಾರ. ಎರವಲಿಂದು ಅಂದ್ರ ಯಾರೂ ಕೇಳಂಗಿಲ್ಲ’ ಅಂದ."

"ನನಗರ ಹೇಳಬೇಕಿತ್ತಲ್ಲ."

ಬಂದೇಸಾಬ ಗಡ್ಡ ನೀವಿಕೊಂಡ. "ನೀ ಫ್ಯಾನು ಕೇಳಿದ್ದೆಂತಲ್ಲವ್ವ. ಅದಕ್ಕಂತ ಕೂಡಿಟ್ಟ ರೊಕ್ಕದಾಗ ಇದು ಬಂದೈತಿ. ಭಾಳ ಹೆದರಿದ್ದ ನಿನಗ."

ಗದ್ದೆಮ್ಮ ಕಾರ್ಡು ತಿರುಗಿಸಿ ನೋಡಿದಳು. ಗ್ಯಾರಂಟಿ ಇನ್ನೂ ಒಂಬತ್ತು ತಿಂಗಳಿತ್ತು. ಅದನ್ನು ಮಡಿಚಿ ಸೆರಗಿಗೆ ಕಟ್ಟಿಕೊಂಡಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇರಲಿ, ಆಮೇಲಾದರೂ ಫ್ಯಾನು ತಂದನಲ್ಲ ಎಂದುಕೊಂಡು ಗಂಟು ಎತ್ತಿದಳು. ಬೆಕ್ಕು ಬಸ್‌ಸ್ಟ್ಯಾಂಡಿನವರೆಗೆ ಕಳಿಸಿಕೊಟ್ಟಿತು.

ಮನೆ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ. ಪೆಟ್ಟಿಗೆ ಮೂಲೆಗೆ ಹೋಯಿತು, ಕಸೂತಿ ಬಟ್ಟೆ ಬಿತ್ತು, ಮೇಲೆ ಫ್ಯಾನು ಕೂತಿತು. ಗುಂಡಿ ಒತ್ತಿ ಮುಖ ಒರೆಸಿಕೊಳ್ಳುವಷ್ಟರಲ್ಲಿ ಹವಾಲ್ದಾರ್ ಗೋಪಣ್ಣ ಫೈಲು ಹಿಡಿದು ಬಂದ. ಬೆವರಿಗೆ ಖಾಕಿ ಅಂಗಿ ಮೈಗೆ ಅಂಟಿತ್ತು. ಒಳಗೆ ಕಾಲಿಟ್ಟವನ ಕಣ್ಣು ನೇರ ಮೂಲೆಗೆ ಹೋಯಿತು. ಅಲ್ಲೇ ನಿಂತಿತು.

ಹೆಸರು ಕೇಳಿದ, ವಯಸ್ಸು ಕೇಳಿದ, ಓದು ಕೇಳಿದ. ಬರೆಯುತ್ತಿದ್ದದ್ದು ಹಾಳೆಯ ಮೇಲೆ, ನೋಡುತ್ತಿದ್ದದ್ದು ಮೂಲೆಯನ್ನು. ಮೂಗನ್ನೂ ಎರಡು ಸಲ ಎಳೆದ.

"ಮನ್ಯಾಗ ಕಾಯ್ದೆಕ್ಕ ವಿರುದ್ಧ ಆದದ್ದು ಏನರ ಐತೇನವ್ವ?"

ಕಿಟಕಿಯಲ್ಲಿ ಹುಸೇನಮ್ಮನ ಮುಖ ಎಡಕ್ಕೂ ಬಲಕ್ಕೂ ಆಡಿತು, ಇಲ್ಲ ಅನ್ನು, ಇಲ್ಲ ಅನ್ನು ಎಂಬಂತೆ. ಗದ್ದೆಮ್ಮ ಎದ್ದು ನಿಂತಳು.

"ಐತ್ರಿ. ಆ ಫ್ಯಾನಿನ ಕೆಳಗ ವಿಡಿಯೋ ಗೇಮ್ ಐತಿ. ಮುಂಜಾನಿಂದ ಮೂರು ಮಂದಿ ಅದನ್ನ ನಂದಲ್ಲ ಅಂದ್ರು. ನಾ ಅನ್ನಂಗಿಲ್ಲ. ಅದು ನನ್ನ ಗಂಡಂದು, ಈಗ ನಂದು. ನೌಕರಿ ಹೋದ್ರ ಹೋಗ್ಲಿ. ಬರ್ಕೋರಿ."

ಕಿಟಕಿಯಲ್ಲಿದ್ದ ಮುಖ ಕೆಳಗೆ ಕುಸಿಯಿತು.

ಗೋಪಣ್ಣ ಪೆನ್ನು ಮುಚ್ಚಿದ. ಫೈಲಿನೊಳಗಿಂದ ಪೇಪರಿನ ಇನ್ನೊಂದು ಅರ್ಧ ತೆಗೆದು ಕೊಟ್ಟ. "ಬಂದ್ ಆಗಿದ್ದು ಅಂಗಡ್ಯಾಗ ರೊಕ್ಕ ಹಚ್ಚಿ ಆಡಿಸೋವು ಅವ್ವ. ಮನ್ಯಾಗಿನವಕ್ಕೂ ಹಿಡಿ ಅಂದ್ರ ನಾ ಮೊದ್ಲ ನಮ್ಮ ಸಾಹೇಬ್ರ ಮನಿಗೆ ಹೋಗ್ಬೇಕು." ಟೊಪ್ಪಿಗೆ ತೆಗೆದು ಮೊಳಕಾಲ ಮೇಲಿಟ್ಟುಕೊಂಡ. "ನಾ ಪೆಟ್ಟಿಗಿ ನೋಡ್ಲಿಲ್ಲ. ಮ್ಯಾಲಿಂದು ನೋಡಾಕತ್ತಿದ್ನಿ."

"ಮ್ಯಾಲಿಂದು ಅಂದ್ರ?"

"ಹ್ಯಾಂಗ ಹೇಳ್ಲಿ... ಆ ಫ್ಯಾನು ನಂದು. ಯುಗಾದಿಗೆ, ಎಂಟು ದಿನಕ್ಕಂತ ಪಂಪಣ್ಣ ಒಯ್ದಿದ್ದ. ಬ್ಯಾಸಿಗಿ ಎಲ್ಲಾ ಹೋತು. ಮನ್ಯಾಗ ಹೆಂಡ್ತಿ ಬಸ್ಸಮ್ಮ ಬೀಸಣಿಕಿ ತಗೊಂಡು ಗಾಳಿ ಹೊಡಕೊಳ್ಳೋದಕ್ಕಿಂತ ನನಗ ಹೊಡಿಯೋದ ಹೆಚ್ಚಾಗೈತಿ. ಕೇಳೋಣಂದ್ರ ಸಾವಿನ ಮನಿ, ಯಾವ ಬಾಯಿಲೆ ಕೇಳ್ಲಿ? ನಿಮ್ಮ ಕಾಗದ ಬಂದೈತಿ ಅಂತ ಗೊತ್ತಾತು. ನಾನ ಹೋಗ್ತೀನಿ ಅಂತ ಇಸ್ಕೊಂಡ್ನಿ."

ಗದ್ದೆಮ್ಮ ಫ್ಯಾನು ಆರಿಸಿ ಮಗುಚಿದಳು. ದಿನಾ ಒರೆಸಿದ್ದಳು, ಒಮ್ಮೆಯೂ ಮಗುಚಿ ನೋಡಿರಲಿಲ್ಲ. ಬುಡದಲ್ಲಿ ಬಿಳಿ ಬಣ್ಣದಿಂದ ಬರೆದಿತ್ತು: ಗೋಪಣ್ಣ, ಪೊಲೀಸ್.

"ಒಯ್ರಿ," ಎಂದಳು.

"ನಾ ಹೊತ್ರ ವಿಧವಿ ಫ್ಯಾನು ಜಪ್ತಿ ಮಾಡ್ಯಾನ ಅಂತ ಮಂದಿ ಉಗುಳ್ತಾರ. ನೀವ ಹಿಡ್ಕೊಂಡು ಬರ್ರಿ, ಕ್ವಾರ್ಟರ್ಸ್ ಇಲ್ಲೇ ಸನೇದಾಗ ಐತಿ. ರಿಪೋರ್ಟು ಅಲ್ಲೇ ಗಾಳಿಗೆ ಕುಂತು ಬರೀತೀನಿ. ಚಲೋನ ಬರೀತೀನಿ."

ಹೀಗೆ ಮುಂದೆ ಹವಾಲ್ದಾರ, ಹಿಂದೆ ಫ್ಯಾನು ತಬ್ಬಿಕೊಂಡ ಗದ್ದೆಮ್ಮ ಓಣಿಯಲ್ಲಿ ಹೊರಟರು. ಹುಸೇನಮ್ಮ ಕಟ್ಟೆಗೆ ಬಂದು ಒಂದು ಗಳಿಗೆ ನೋಡಿ, ಇಡೀ ಓಣಿಗೆ ಕೂಗಿ ಹೇಳಿದಳು:

"ಫ್ಯಾನೂ ಬಂದ್ ಮಾಡ್ಯಾರವ್ವೋ! ಗದ್ದೆಮ್ಮನ್ನ ಫ್ಯಾನಿನ ಸಮೇತ ಹಿಡ್ಕೊಂಡು ಹೊಂಟಾರ!"

ಎಡಗಡೆಯ ಮನೆಯಲ್ಲಿ ತಿರುಗುತ್ತಿದ್ದ ಫ್ಯಾನು ನಿಂತಿತು. ಬಲಗಡೆಯ ಮನೆಯಲ್ಲಿ ಯಾವುದೋ ಕಬ್ಬಿಣದ್ದು ಮಂಚದ ಕೆಳಗೆ ಸರಿದ ಸದ್ದಾಯಿತು. ಅವರು ಓಣಿಯ ಕೊನೆ ಮುಟ್ಟುವ ಹೊತ್ತಿಗೆ, ಮೇ ತಿಂಗಳ ಸಂಜೆ ಐದೂವರೆಗೆ, ಅಲ್ಲಿ ಒಂದು ಫ್ಯಾನೂ ತಿರುಗುತ್ತಿರಲಿಲ್ಲ.

ಕ್ವಾರ್ಟರ್ಸಿನಲ್ಲಿ ಬಸ್ಸಮ್ಮ ಬಾಗಿಲಿಗೇ ಬಂದು ಎರಡೂ ಕೈ ಚಾಚಿದಳು. ಗದ್ದೆಮ್ಮ ಫ್ಯಾನನ್ನು ಕೂಡಲೇ ಕೊಡಲಿಲ್ಲ. ಕೆಳಗಿಟ್ಟು, ಅದರ ಕುತ್ತಿಗೆಯ ಗಂಟನ್ನು ಉಗುರಿನಿಂದ ನಿಧಾನವಾಗಿ ಬಿಚ್ಚಿ, ಕೆಂಪು ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡಳು.

"ಇದಿಷ್ಟು ನಮ್ಮದ್ರಿ," ಎಂದು ಫ್ಯಾನನ್ನು ಮುಂದೆ ಸರಿಸಿದಳು.