ಹನ್ನೆರಡನೇ ಡಬ್ಬಿಯ ಎಲೆಕೋಸು

ಹೆಂಡತಿಗೆ ಮಾತು ಕೊಡುವುದು ಸುಲಭ, ಇಪ್ಪತ್ತು ಡಬ್ಬಿ ತುಂಬಿಸುವುದು ಕಷ್ಟ. ಈ ಪರಮಸತ್ಯ ಕಡತಪ್ಪನವರಿಗೆ ಹೊಳೆದದ್ದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ನಾಲ್ಕನೇ ಎಲೆಕೋಸು ಹೆಚ್ಚುತ್ತಿರುವಾಗ. ಅಷ್ಟರಲ್ಲಿ ಎರಡು ಬೆರಳಿಗೆ ಬ್ಯಾಂಡೇಜು ಬಿದ್ದಿತ್ತು, ಒಲೆಯ ಮೇಲೆ ಹೆಸರುಕಾಳು ಉಕ್ಕಿ ಹರಿದಿತ್ತು.

ಕಡತಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷ ಕಚೇರಿಯ ದಾಖಲೆ ಕೋಣೆಯಲ್ಲಿ ಕಡತಗಳ ನಡುವೆ ಕೂತದ್ದಕ್ಕೆ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು. ಯಾವ ಕಡತ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲರು. ಒಳಗೆ ಏನಿದೆ ಎಂದು ಕೇಳಬೇಡಿ, ಅದನ್ನು ತೆರೆದು ನೋಡುವುದು ಅವರ ಕೆಲಸವಲ್ಲ. ಮೇಲಿನ ಚೀಟಿ ಸರಿಯಿದ್ದರೆ ಒಳಗಿನದೂ ಸರಿಯಿರುತ್ತದೆ ಎಂಬುದು ಅವರ ಜೀವನ ಸಿದ್ಧಾಂತ.

ಇನ್ನು ಅವರ ಹೆಂಡತಿ. ಆಸ್ಪತ್ರೆಯಲ್ಲಿ ನರ್ಸು. ಶನಿವಾರ ಆಕೆಗೆ ಬಡ್ತಿ ಪರೀಕ್ಷೆ. ಪಾಸಾದರೆ ಇಡೀ ವಾರ್ಡಿಗೆ ಮುಖ್ಯಸ್ಥೆ. ಹಿಂದೆ ಎರಡು ಸಲ ಕೂತು ಎರಡು ಸಲವೂ ಹೋಗಿತ್ತು. ಒಮ್ಮೆ ಮಗಳಿಗೆ ಜ್ವರ, ಇನ್ನೊಮ್ಮೆ ವಾರವಿಡೀ ಮನೆ ತುಂಬ ನೆಂಟರು. (ನೆಂಟರು ಕಡತಪ್ಪನವರ ಕಡೆಯವರು. ಈ ವಿಷಯ ಆಗಾಗ ಪ್ರಸ್ತಾಪಕ್ಕೆ ಬರುತ್ತದೆ.) ವಯಸ್ಸಿನ ಮಿತಿಯಿಂದಾಗಿ ಇದೇ ಕೊನೆಯ ಅವಕಾಶ. ಆಕೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬೀನ್ಸ್ ಸೋಸುತ್ತಿದ್ದುದನ್ನು ಕಂಡು ಕಡತಪ್ಪನವರ ಕರುಳು ಚುರುಕ್ ಎಂದಿತ್ತು.

"ಈ ವಾರ ನೀನು ಅಡುಗೆಮನೆಗೆ ಕಾಲಿಡೋ ಹಾಗಿಲ್ಲ" ಎಂದು ಘೋಷಿಸಿದ್ದರು. "ಐದು ದಿನದ ಊಟ ಭಾನುವಾರವೇ ರೆಡಿ. ಅದೂ ಆರೋಗ್ಯದ ಊಟ. ಎಣ್ಣೆ ಇಲ್ಲ, ಬೆಣ್ಣೆ ಇಲ್ಲ, ಉಪ್ಪು ನಾಮಕಾವಾಸ್ತೆ."

"ರೀ, ನಿಮಗೆ ನೀರು ಕಾಯಿಸೋಕೆ ಬರುತ್ತೆ ಅಂತ ಗೊತ್ತು. ಅದರ ಮುಂದಿನದು?"

"ಓದಿಕೊಂಡಿದ್ದೀನಿ."

"ಓದಿದ್ದಾನಂತೆ" ಎಂದರು ಮೂಲೆಯ ಕುರ್ಚಿಯಿಂದ ಅವರ ಅಪ್ಪ. ಇವರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. "ಓದಿ ಬಸ್ಸು ಓಡಿಸಿದವರನ್ನ ನಾನೂ ನೋಡಿದ್ದೀನಿ, ಮಗನೇ. ಮರದ ಬುಡದಲ್ಲಿ."

ಅಂತೂ ರಾತ್ರಿ ಎಂಟಕ್ಕೆ ಇಪ್ಪತ್ತು ಸ್ಟೀಲ್ ಡಬ್ಬಿಗಳು ಫ್ರಿಜ್ಜಿನಲ್ಲಿ ಸಾಲಾಗಿ ಕೂತವು. ನಾಲ್ಕು ಜನಕ್ಕೆ ಐದು ಮಧ್ಯಾಹ್ನದ ಊಟ. ರಾತ್ರಿಗೆ ಬ್ರೆಡ್ಡು, ಹಣ್ಣು, ಹಾಲು. ಪ್ರತಿ ಡಬ್ಬಿಗೂ ಸಂಖ್ಯೆ, ಪ್ರತಿ ಸಂಖ್ಯೆಗೂ ಚೀಟಿ, ಫ್ರಿಜ್ಜಿನ ಬಾಗಿಲಿಗೆ ದಾರ ಕಟ್ಟಿ ತೂಗುಹಾಕಿದ ರಿಜಿಸ್ಟರು. ಡಬ್ಬಿ ತೆಗೆದವರು ಸಹಿ ಹಾಕತಕ್ಕದ್ದು. ಕಡತಪ್ಪನವರು ಸೊಂಟ ಹಿಡಿದುಕೊಂಡು ಆ ಸಾಲನ್ನು ನೋಡಿದರು. ಮದುವೆಯಾಗಿ ಹದಿನೇಳು ವರ್ಷಕ್ಕೆ ಹೆಂಡತಿಗೆ ಒಂದು ಉಪಕಾರ ಮಾಡಿದೆ ಎಂದು ಅವರಿಗೆ ನಿಜವಾಗಿ ಸಂತೋಷವಾಯಿತು.

ಸೋಮವಾರ ಕಚೇರಿಯಲ್ಲಿ ನಾಲ್ಕನೇ ಡಬ್ಬಿ ತೆರೆದು ಒಂದು ಚಮಚ ಬಾಯಿಗಿಟ್ಟರು. ಬೇಯಿಸಿದ ಹತ್ತಿ ತಿಂದು ಗೊತ್ತಿಲ್ಲ, ಆದರೆ ಹೀಗೇ ಇರಬಹುದು ಅನ್ನಿಸಿತು. ನೀರು ಕುಡಿಕುಡಿದು ಮುಗಿಸಿದರು. ಸಂಜೆ ಮನೆಯಲ್ಲಿ ಹೇಗಿತ್ತು ಎಂದು ವಿಚಾರಿಸಿದರೆ, "ಹೊಟ್ಟೆ ತುಂಬ್ತು" ಎಂದಳು ಹೆಂಡತಿ. "ತುಂಬಾ ಆರೋಗ್ಯವಾಗಿತ್ತು ಅಪ್ಪ" ಎಂದಳು ಕಾಲೇಜು ಮಗಳು, ಮೂರನೇ ಬಾಳೆಹಣ್ಣು ಸುಲಿಯುತ್ತಾ. ಮಂಗಳವಾರ ಎಂಟನೇ ಡಬ್ಬಿ. ಅದೇ ಹತ್ತಿ.

ಗೊಂದಲ ಶುರುವಾದದ್ದು ಬುಧವಾರ.

ಹನ್ನೆರಡನೇ ಡಬ್ಬಿ. ಚೀಟಿಯಲ್ಲಿ ಅವರದೇ ಕೈಬರಹ: ಎಲೆಕೋಸು, ಹೆಸರುಕಾಳು, ಉಪ್ಪು ಕಡಿಮೆ. ಮುಚ್ಚಳ ತೆಗೆದರೆ ಬೆಣ್ಣೆಯ ಘಮ ಗಮ್ಮೆಂದು ಮುಖಕ್ಕೆ ಬಡಿಯಿತು. ಕೆಂಪಗೆ ಹುರಿದ ಆಲೂಗಡ್ಡೆ, ಗೋಡಂಬಿ ಹಾಕಿದ ಅನ್ನ. ಕಡತಪ್ಪನವರು ಮುಚ್ಚಳ ಮುಚ್ಚಿ ಚೀಟಿ ಓದಿದರು. ಎಲೆಕೋಸು. ತೆಗೆದು ನೋಡಿದರು. ಆಲೂಗಡ್ಡೆ.

ಬೇರೆ ಯಾರಾದರೂ ಆಗಿದ್ದರೆ ಡಬ್ಬಿ ಬದಲಾಗಿದೆ ಎಂದುಕೊಳ್ಳುತ್ತಿದ್ದರು. ಆದರೆ ಸಂಖ್ಯೆ ಸರಿಯಿತ್ತು, ಚೀಟಿ ಸರಿಯಿತ್ತು, ರಿಜಿಸ್ಟರಿನಲ್ಲಿ ಸ್ವಹಸ್ತದ ಸಹಿಯಿತ್ತು, ಬೆಳಿಗ್ಗೆ ಎಣಿಸಿದಾಗ ಲೆಕ್ಕವೂ ತಾಳೆಯಾಗಿತ್ತು. ದಾಖಲೆ ಇಷ್ಟು ಸ್ಪಷ್ಟವಾಗಿರುವಾಗ ತಪ್ಪು ದಾಖಲೆಯದ್ದಾಗಿರಲು ಸಾಧ್ಯವಿಲ್ಲ. ಹಾಗಾದರೆ ತಪ್ಪು ನಾಲಿಗೆಯದ್ದು. ಅಥವಾ, ದೇವರೇ, ತಲೆಯದ್ದು.

ಸಂಜೆ ಉಪಾಯವಾಗಿ ಮಗಳನ್ನು ಕೇಳಿದರು. "ಇವತ್ತು ಏನಿತ್ತಮ್ಮ ಡಬ್ಬಿಯಲ್ಲಿ?"

ಮಗಳು ಒಂದು ಗಳಿಗೆ ರಿಜಿಸ್ಟರಿನ ಕಡೆ ನೋಡಿದಳು. "ಎಲೆಕೋಸು, ಹೆಸರುಕಾಳು."

"ಬೆಣ್ಣೆ ವಾಸನೆ ಏನಾದ್ರೂ..."

"ಬೆಣ್ಣೆನಾ? ನೀವೇ ಹಾಕಿಲ್ವಲ್ಲ ಅಪ್ಪ."

ಆಮೇಲೆ ತಮ್ಮ ಅಪ್ಪನನ್ನು ಕೇಳಿದರು. "ಎಲೆಕೋಸೇ ಕಣೋ" ಎಂದರು ಅವರು, ಹಲ್ಲಿನ ಸಂದಿಯಿಂದ ಏನನ್ನೋ ಕಡ್ಡಿಯಲ್ಲಿ ತೆಗೆಯುತ್ತಾ. ಅದು ಗೋಡಂಬಿಯ ಚೂರಿನಂತೆ ಕಾಣಿಸಿತು. ಕಡತಪ್ಪನವರಿಗೆ ಈಗ ಕಣ್ಣಿನ ಮೇಲೂ ನಂಬಿಕೆ ಹೋಯಿತು.

ಗುರುವಾರ ಹದಿನಾರನೇ ಡಬ್ಬಿ: ಚೀಟಿಯಲ್ಲಿ ಕುಂಬಳಕಾಯಿ, ಬಾಯಲ್ಲಿ ಮೊಟ್ಟೆ, ಚೀಸು. ಶುಕ್ರವಾರ ಇಪ್ಪತ್ತನೆಯದು: ಚೀಟಿಯಲ್ಲಿ ಸೋರೆಕಾಯಿ, ಬಾಯಲ್ಲಿ ಕೆನೆಯಲ್ಲಿ ಬೆಂದ ಅಣಬೆ. ಕಾಯಿಲೆ ದಿನದಿನಕ್ಕೆ ರುಚಿಯಾಗುತ್ತಿತ್ತು. ಪಕ್ಕದ ಮೇಜಿನ ಟೈಪಿಸ್ಟ್ ಒಂದು ಚಮಚ ಬೇಡಿದಾಗ ಕೊಡಲಿಲ್ಲ. ಆಕೆ ಎಲ್ಲಿ ಸೋರೆಕಾಯಿ ಅಂದುಬಿಟ್ಟರೆ ಹುಚ್ಚು ಖಾತ್ರಿಯಾಗುತ್ತದಲ್ಲ ಎಂಬ ಭಯ. (ಭಯ ಮಾತ್ರವಲ್ಲ, ಅಣಬೆ ಬಹಳ ಚೆನ್ನಾಗಿತ್ತು.)

ಹೆಂಡತಿಗೆ ಹೇಳೋಣವೆಂದರೆ ಆಕೆ ಬಾಗಿಲು ಹಾಕಿಕೊಂಡು ಓದುತ್ತಿದ್ದಳು. ಗಂಡನಿಗೆ ತಲೆ ಕೆಟ್ಟಿದೆ ಎಂದು ತಿಳಿದರೆ ಪುಸ್ತಕ ಎಸೆದು ಡಾಕ್ಟರ ಹತ್ತಿರ ಓಡುತ್ತಾಳೆ. ಈ ಸಲವೂ ನನ್ನ ಕಡೆಯಿಂದಲೇ ಹೋಯಿತು ಎಂದಾಗಬಾರದು. ಕಡತಪ್ಪನವರು ಹಲ್ಲು ಕಚ್ಚಿ, ತಮ್ಮ ಹುಚ್ಚನ್ನು ತಾವೇ ನುಂಗಿಕೊಂಡರು.

ಶನಿವಾರ ಮಧ್ಯಾಹ್ನ ಹೆಂಡತಿ ಪರೀಕ್ಷೆ ಮುಗಿಸಿ ಬಂದಳು. ಮುಖ ಅರಳಿತ್ತು. "ಒಂದು ಪ್ರಶ್ನೆನೂ ಬಿಡಲಿಲ್ಲ ರೀ. ಈ ಸಲ ಆಗುತ್ತೆ."

ಕಡತಪ್ಪನವರ ಕಣ್ಣು ತುಂಬಿ ಬಂತು. ಆಕೆಯನ್ನು ಕೂರಿಸಿ, "ನಿನಗೊಂದು ವಿಷಯ ಹೇಳಬೇಕು, ಗಾಬರಿಯಾಗಬೇಡ" ಎಂದರು. "ನನ್ನ ತಲೆಯಲ್ಲಿ ಏನೋ ಆಗಿದೆ. ಬುಧವಾರದಿಂದ ಎಲೆಕೋಸು ತಿಂದರೆ ಆಲೂಗಡ್ಡೆ ಅನ್ನಿಸ್ತಿದೆ. ಕುಂಬಳಕಾಯಿ ಮೊಟ್ಟೆ ಥರ ಕಾಣುತ್ತೆ. ನಿನ್ನೆ ಸೋರೆಕಾಯಿಯಲ್ಲಿ ಅಣಬೆ ಕಂಡೆ."

ಹೆಂಡತಿ ಗಂಭೀರವಾಗಿ ನಾಡಿ ಹಿಡಿದಳು. ಬಿಪಿ ಯಂತ್ರ ತಂದು ತೋಳಿಗೆ ಸುತ್ತಿದಳು. ಆಮೇಲೆ ಆಕೆಯ ತುಟಿ ನಡುಗಿತು, ಭುಜ ಕುಣಿಯಿತು, ಸೋಫಾದ ದಿಂಬಿನಲ್ಲಿ ಮುಖ ಹುದುಗಿಸಿ ಬಿದ್ದು ಬಿದ್ದು ನಕ್ಕಳು.

ವಿಷಯ ಹೊರಬಂತು. ಸೋಮವಾರ ಆ ಊಟ ತಿಂದು ಆಕೆಗೆ ಒಂದು ಪುಟ ಓದಲೂ ಆಗಿರಲಿಲ್ಲವಂತೆ, ಅಷ್ಟು ಹಸಿವು. ಮಂಗಳವಾರ ಕಡತಪ್ಪನವರು ಕಚೇರಿಗೆ ಹೊರಟದ್ದೇ ತಡ, ಅಪ್ಪ ಉಳಿದ ಡಬ್ಬಿಗಳನ್ನೆಲ್ಲ ಹೊತ್ತು ಮೇಲಿನ ಮನೆಗೆ ಹತ್ತಿದ್ದರು. ಅಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಅವಳ ಗಂಡನಿಗೆ ಹೃದಯದ ಆಪರೇಷನ್ ಆಗಿ ಡಾಕ್ಟರು ಉಪ್ಪು, ಎಣ್ಣೆ, ರುಚಿ ಎಲ್ಲ ನಿಲ್ಲಿಸಿದ್ದರು. ಪಥ್ಯದ ಅಡುಗೆ ಅವಳಿಗೆ ಏನು ಮಾಡಿದರೂ ಒಗ್ಗದು, ಕೈ ತಾನಾಗಿ ಬೆಣ್ಣೆಯ ಕಡೆ ಹೋಗುತ್ತದೆ. ಕಡತಪ್ಪನವರ ಊಟವನ್ನು ಅವಳು ತನ್ನ ಪಾತ್ರೆಗೆ ಸುರಿದುಕೊಂಡು, ದಿನಕ್ಕೆ ನಾಲ್ಕರಂತೆ ಅದೇ ಡಬ್ಬಿಗಳಲ್ಲಿ ತನ್ನ ಅಡುಗೆ ತುಂಬಿ ಕೊಟ್ಟಿದ್ದಳು. ಉಳಿದವು ಫ್ರಿಜ್ಜಿನಲ್ಲಿ ಖಾಲಿ ಕೂತಿದ್ದವು. ಕಡತಪ್ಪನವರು ದಿನಾ ಎರಡು ಹೊತ್ತು ಎಣಿಸಿದ್ದರು, ಒಂದನ್ನೂ ಎತ್ತಿ ನೋಡಿರಲಿಲ್ಲ.

"ಹಾಗಾದ್ರೆ ನಾನು ಮಾಡಿದ್ದೆಲ್ಲ ನೀರಲ್ಲಿ ಹೋಮ" ಎಂದರು ಪೆಚ್ಚಾಗಿ.

"ಹೋಗ್ರೀ. ನಿಮ್ಮ ಮನಸ್ಸು ನೋಯಬಾರದು ಅಂತಾನೇ ಯಾರೂ ಬಾಯಿ ಬಿಡಲಿಲ್ಲ. ವಾರವಿಡೀ ನಾನು ಅಡುಗೆಮನೆಗೆ ಕಾಲಿಟ್ಟೆನಾ? ನೀವು ಮಾತು ಉಳಿಸಿಕೊಂಡ್ರಿ." ಆಕೆ ಕೈ ಹಿಡಿದು ಹೇಳಿದಳು. ಕಡತಪ್ಪನವರಿಗೆ ಅರ್ಧ ಸಮಾಧಾನವಾಯಿತು.

ಉಳಿದರ್ಧ ಬಾಗಿಲು ತಟ್ಟಿ ತಾನೇ ಒಳಗೆ ಬಂತು. ಮೇಲಿನ ಮನೆಯಾಕೆ ಕೈಮುಗಿದು ನಿಂತಿದ್ದಳು.

"ಅಣ್ಣ, ನಿಮ್ಮ ಕೈಗುಣ ದೊಡ್ಡದು. ನಿನ್ನೆ ನಮ್ಮನೆಯವರನ್ನ ನೋಡಿ ಡಾಕ್ಟರೇ ಮೆಚ್ಚಿದ್ರು. ಮೊದಲೆಲ್ಲ ಇವರು ಇನ್ನಷ್ಟು ಬಡಿಸು ಅಂತ ಹಟ ಮಾಡ್ತಿದ್ರು. ನಿಮ್ಮ ಅಡುಗೆ ಶುರುವಾದ ಮೇಲೆ ಒಂದು ದಿನವೂ ಕೇಳಿಲ್ಲ. ಮುಂದಿನ ವಾರನೂ ದಯವಿಟ್ಟು ಮಾಡಿಕೊಡಿ. ಬದಲಿಗೆ ನಿಮ್ಮ ಮನೆ ಊಟದ ಜವಾಬ್ದಾರಿ ನನಗಿರಲಿ."

ಡಾಕ್ಟರು ಮೆಚ್ಚಿದ ಅಡುಗೆ. ಕಡತಪ್ಪನವರ ಎದೆ ಉಬ್ಬಿತು. "ಅದಕ್ಕೇನಮ್ಮ, ಒಂದು ವಾರ ಯಾಕೆ, ತಿಂಗಳು ಮಾಡ್ತೀನಿ" ಎಂದು ವಾಗ್ದಾನ ಮಾಡಿಯೇಬಿಟ್ಟರು. ನಾಲಿಗೆಯಲ್ಲಿ ಆಗಲೇ ಮುಂದಿನ ವಾರದ ಅಣಬೆ ಕರಗುತ್ತಿತ್ತು.

"ಅಂದ್ರೆ ನಿಮ್ಮ ಮನೆಗೆ ದಿನಾ ನಾಲ್ಕು ಊಟ ಅಲ್ವಾ?" ಎಂದಳು ಅವಳು.

"ಮೂರು" ಎಂದಳು ಹೆಂಡತಿ. ಆಕೆಯ ಕಣ್ಣು ಬಿಪಿ ಯಂತ್ರದ ಮೇಲಿತ್ತು. ದನಿ ಆಗಲೇ ವಾರ್ಡಿನ ಮುಖ್ಯಸ್ಥೆಯದು. "ಇವರಿಗೆ ಬೇಡ. ನೂರ ಅರವತ್ತು ತೋರಿಸ್ತಿದೆ. ಇವತ್ತಿಂದ ಇವರಿಗೂ ಪಥ್ಯ."

"ಎರಡು ಜನಕ್ಕೆ ಬೇಯಿಸೋದು ಸುಲಭ ಬಿಡೋ" ಎಂದು ಅಪ್ಪ ಸಮಾಧಾನ ಹೇಳಿದರು.

ಸೋಮವಾರ ಕಡತಪ್ಪನವರು ರಜೆ ಹಾಕಿ ಡಬ್ಬಿ ಹಿಡಿದು ಮೇಲಿನ ಮನೆಗೆ ಹೋದರು. ಕೆಳಗೆ ತಮ್ಮ ಮನೆಯಲ್ಲಿ ಉಳಿದ ಮೂವರ ಡಬ್ಬಿಗಳಿಂದ ಬರುವ ಬೆಣ್ಣೆಯ ಘಮ ತಡೆಯಲಾಗಿರಲಿಲ್ಲ. ಕಿಟಕಿಯ ಬಳಿ ರೋಗಿ ತನ್ನ ಪಾಲಿನ ಎಲೆಕೋಸನ್ನು ನಿಧಾನವಾಗಿ ಅಗಿಯುತ್ತಿದ್ದ. ಕಡತಪ್ಪನವರು ಎದುರಿಗೆ ಕೂತು ಒಂದು ಚಮಚ ಬಾಯಿಗಿಟ್ಟು, ನುಂಗಲಾರದೆ ಅವನ ಮುಖ ನೋಡಿದರು. ರೋಗಿ ಕನಿಕರದಿಂದ ನೀರಿನ ಲೋಟ ಮುಂದೆ ತಳ್ಳಿದ.

"ಮೊದಲ ಮೂರು ದಿನ ಕಷ್ಟ ಅಣ್ಣ" ಎಂದ. "ಆಮೇಲೆ ನಾಲಿಗೆ ಆಸೆ ಬಿಟ್ಟುಬಿಡುತ್ತೆ."