ಗೌಡರ ಕಾರಿಗೆ ಮೇಲ್ಕಟ್ಟು

ಗೊತ್ತಿಲ್ಲದ ಕೆಲಸಕ್ಕೂ "ಆಯ್ತು ಬುಡಿ" ಅನ್ನೋ ಬಾಯಿ ನನ್ನದು. ತಾಳವಾಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟ ದಿನದಿಂದ ಈ ಬಾಯಿ ನನ್ನನ್ನು ಸಿಕ್ಕಿಸಿ ಹಾಕದ ವರ್ಷವೇ ಇಲ್ಲ. ಎತ್ತಿಗೆ ಜೂಲು ಹೊಲಿದು ಬೈಸಿಕೊಂಡಿದ್ದೀನಿ, ನಾಟಕದವರಿಗೆ ಪರದೆ ಹೊಲಿದು ಓಡಿಬಂದಿದ್ದೀನಿ. ಆದರೆ ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಒಂದು ಕಾರಿನೊಳಗೆ ಹತ್ತು ದಿನ ಕಳೆದೆನಲ್ಲ, ಅಲ್ಲಿ ಏನೇನಾಯ್ತು ಅನ್ನೋದು ನನಗೇ ಇನ್ನೂ ಪೂರ್ತಿ ಬಗೆಹರಿದಿಲ್ಲ.

೧. ಕೊಡೆ

ತಾಳಮಲೆ ಕಡೆಯ ಗೌಡರೊಬ್ಬರ ಹತ್ತಿರ ಅವರಪ್ಪನ ಕಾಲದ ಕಾರೊಂದಿತ್ತು. ಇಂಜಿನ್ನು ಗಟ್ಟಿ. ಆದರೆ ಮೇಲಿನ ತಗಡು ಕಾಣದ ಹಾಗೆ ಒಳಗಡೆ ಬಟ್ಟೆ ಬಿಗಿದಿರುತ್ತಾರಲ್ಲ, ಅದು ಜೋತುಬಿದ್ದು ಕೂತವರ ತಲೆ ಮೇಲೆ ಮಲಗುತ್ತಿತ್ತು. ಗೌಡರು ಅದಕ್ಕೊಂದು ಉಪಾಯ ಕಂಡುಹಿಡಿದಿದ್ದರು. ಹಿಂದಿನ ಸೀಟಿನಲ್ಲಿ ಕೊಡೆ ಬಿಚ್ಚಿ ನಿಲ್ಲಿಸಿ, ಬಟ್ಟೆಯನ್ನು ಅದರ ಮೇಲೆ ಒರಗಿಸಿಕೊಂಡು ಓಡಿಸುತ್ತಿದ್ದರು. ಒಂದು ದಿನ ಸುಡುಬಿಸಿಲಿನಲ್ಲಿ ಹಾಸನೂರು ಕಾಡಿನ ಗೇಟಿನ ಗಾರ್ಡು ಕಾರೊಳಗೆ ಬಗ್ಗಿ ನೋಡಿ, ಆಮೇಲೆ ಆಕಾಶ ನೋಡಿ, ಮತ್ತೆ ಒಳಗೆ ನೋಡಿ ಗೇಟು ಎತ್ತಿದನಂತೆ.

ಆ ಗೌಡರು ನನ್ನ ಅಂಗಡಿಗೆ ಬಂದರು.

"ಇನ್ನತ್ತು ದಿನಕ್ಕೆ ಮಗಳ ಮದ್ವೆ ಕಣ್ಲಾ. ಮದುಮಗಳು ಈ ಕಾರಲ್ಲೇ ಚಾಮರಾಜನಗರಕ್ಕೆ, ಗಂಡಿನ ಮನೆಗೋಗ್ಬೇಕು. ಬಟ್ಟೆ ಅವಳ ತಲೆ ಮೇಲೆ ಬಿದ್ರೆ ಬೀಗರ ಮುಂದೆ ನನ್ ಮಾನ ಓಯ್ತದೆ. ಒಸಾದು ಒಲೀತೀಯಾ?"

"ಆಯ್ತು ಬುಡಿ ಗೌಡ್ರೆ."

"ಇಂಥದ್ದು ಇದುಕ್ ಮುಂಚೆ ಒಲ್ದಿದ್ದೀಯಾ?"

"ದಿಂಬಿನ ಚೀಲ ಬೇಕಾದಷ್ಟು ಒಲ್ದಿದ್ದೀನಿ."

ಗೌಡರು ಎದ್ದು ಹೊರಡ್ತಾ, "ಕೊಡೆ ಕಾರಲ್ಲೇ ಇರ್ಲಿ ಬುಡು" ಅಂದರು.

೨. ಐದು ಕಂಬಿ

ಮಾರನೇ ದಿನ ಅವರ ಮನೆ ಮುಂದೆ ಹಳೇ ಬಟ್ಟೆ ಬಿಚ್ಚಿದೆ. ಅದರ ಜೊತೆ ಬಿಲ್ಲಿನ ಹಾಗೆ ಬಗ್ಗಿದ ಐದು ಕಂಬಿ ಬಂದವು. ಲಂಗಕ್ಕೆ ಲಾಡಿ ತೂರಿಸೋ ಹಾಗೆ ಬಟ್ಟೆಯಲ್ಲಿ ಅಡ್ಡ ಪಟ್ಟಿ ಹೊಲಿದು, ಅದರೊಳಗೆ ಈ ಕಂಬಿ ತೂರಿಸಿರುತ್ತಾರೆ. ಬಟ್ಟೆಯನ್ನು ಮೇಲಕ್ಕೆ ಹಿಡಿದಿರೋದು ಅವೇ. ಒಂದೊಂದರ ಉದ್ದ ಒಂದೊಂದು. ನಾನೂ ಬುದ್ಧಿವಂತನೇ, ಮುಂದಿನಿಂದ ಹಿಂದಕ್ಕೆ ಸಾಲಾಗಿ ಜಗಲಿ ಮೇಲೆ ಜೋಡಿಸಿ ಊಟಕ್ಕೆ ಹೋದೆ.

ಗೌಡರ ತಾಯಿಗೆ ಯಾವ ವಸ್ತುವೂ ಹರಡಿಕೊಂಡಿರಬಾರದು. ಬಂದು ನೋಡಿದರೆ ಕಂಬಿಗಳು ಮೂಲೆಯಲ್ಲಿ ಒರಗಿ ನಿಂತಿವೆ.

"ಯಾರಾದ್ರೂ ಎಡವ್ತಾರೆ ಅಂತ ಚಿಕ್ಕದ್ರಿಂದ ದೊಡ್ಡದುಕ್ಕೆ ಜೋಡ್ಸಿವ್ನಿ ಕಣಪ್ಪ" ಅಂದರು.

"ಅವ್ವಾರೆ, ಇದ್ರಲ್ಲಿ ಮುಂದಿನ್ದು ಯಾವುದು?"

"ನಂಗೇನ್ ಗೊತ್ತು? ಬಿಚ್ದವನು ನೀನು."

ಎರಡು ದಿನ ಆ ಕಂಬಿಗಳ ಜೊತೆ ಹೆಣಗಿದೆ. ಮುಂದಿನದನ್ನು ಹಿಂದಕ್ಕೆ ಹಾಕಿದೆ, ಹಿಂದಿನದನ್ನು ನಡುವಿಗೆ ಹಾಕಿದೆ. ಅಳತೆ ನೋಡೋಕೆ ಹಳೇ ಬಟ್ಟೆ ತೂರಿಸಿ, ಸರಿಯಾಯ್ತಾ ಅಂತ ಮನೆಯವರನ್ನೆಲ್ಲ ಒಳಗೆ ಕೂರಿಸಿದೆ. ಮುಂದೆ ಕೂತವರು ಹಿಂದುಗಡೆ ತಗ್ಗಿದೆ ಅಂದರು, ಹಿಂದೆ ಕೂತವರು ಮುಂದುಗಡೆ ತಗ್ಗಿದೆ ಅಂದರು. ಗೌಡರ ತಾಯಿ ಮಾತ್ರ ಕೊನೆಯಲ್ಲಿ ಬಾಯಿಬಿಟ್ಟರು.

"ಎತ್ತಿಗೆ ಬೆನ್ನಿನ ಇಣಿಲು ಮೇಲಕ್ಕಿರ್ತದೆ. ನೀನ್ಯಾಕ್ಲಾ ಈ ಕಂಬಿ ಉಬ್ಬು ಕೆಳಕ್ಕಿಟ್ಟಿದ್ದೀಯ?"

೩. ಒಳಗಿನ ಒಳಗು

ಮೂರನೇ ದಿನ ಕಂಬಿಗಳು ಹೇಗೋ ತಂತಮ್ಮ ಜಾಗಕ್ಕೆ ಕೂತವು. ಹೇಗೆ ಅಂತ ಕೇಳಬೇಡಿ. ಗೌಡರು ತಂದ ದಪ್ಪ ಬಿಳಿ ಬಟ್ಟೆಯನ್ನು ಕತ್ತರಿಸಿ ಹೊಲಿಯೋಕೆ ಕೂತೆ. ಅಲ್ಲಿ ನನ್ನ ತಲೆ ಕೆಟ್ಟಿತು.

ಅಂಗಿಯ ಹೊಲಿಗೆ ಒಳಗಡೆ ಇರಬೇಕು, ಹೊರಗೆ ಕಾಣಬಾರದು. ಇದು ನಾನು ಕಲಿತ ಪಾಠ. ಕಾರಿನಲ್ಲಿ ಒಳಗಡೆ ಅಂದರೆ ನಾವು ಕೂರೋ ಕಡೆ. ಆದ್ದರಿಂದ ಕಂಬಿ ತೂರಿಸೋ ಪಟ್ಟಿಯೂ ನಾವು ಕೂರೋ ಕಡೆಗೇ ಬರಬೇಕು. ಲೆಕ್ಕ ಎಷ್ಟು ಸಲ ಹಾಕಿದರೂ ಸರಿಯಾಗೇ ಬಂತು. ಎರಡು ದಿನ ಹೊಲಿದು, ಕಂಬಿ ತೂರಿಸಿ ಏರಿಸಿದೆ.

ಮದುಮಗಳು ಬಂದು ಬಗ್ಗಿ ನೋಡಿದಳು. ತಲೆ ಮೇಲೆ ಐದು ಪಟ್ಟಿ ಐದು ಕಂಬಿ ಸಾಲಾಗಿ ನೇತಾಡುತ್ತಿದ್ದವು.

"ಇದೇನಣ್ಣ, ಬಟ್ಟೆ ಒಣಾಕೋಕೆ ಕಂಬಿ ಕಟ್ಟಿದ್ದೀಯ?"

"ಒಲಿಗೆ ಒಳಗಡೆ ಬರ್ಬೇಕಲ್ವವ್ವ?"

"ಅಂಗಿ ಆಕ್ಕಂಡಿರೋದು ಕಾರು ಕಣಣ್ಣ, ನೀನಲ್ಲ."

ನಾನು ಕಾರಿನ ಮೆಟ್ಟಿಲ ಮೇಲೆ ಕೂತು ತುಂಬ ಹೊತ್ತು ಯೋಚನೆ ಮಾಡಿದೆ. ಕಾರು ಅಂಗಿಯನ್ನು ಹೊಟ್ಟೆಯೊಳಗೆ ಹಾಕಿಕೊಳ್ಳುತ್ತದೆಯೇ? ಹಾಗಾದರೆ ಅದರ ಮೈ ಯಾವ ಕಡೆ? ತಿಳಿಯಲಿಲ್ಲ. ಎಲ್ಲ ಬಿಚ್ಚಿ, ಪಟ್ಟಿ ತಗಡಿನ ಕಡೆಗೆ ಬರೋ ಹಾಗೆ ಹೊಲಿದೆ. ಅವಳು ಹೇಳಿದ್ದು ನನಗೆ ಇವತ್ತಿಗೂ ಅರ್ಥವಾಗಿಲ್ಲ, ಕಂಬಿ ಮಾತ್ರ ಕಾಣಲಿಲ್ಲ.

೪. ನಾಲ್ಕನೇ ಮೂಲೆ

ಮದುವೆಗೆ ಒಂದು ದಿನ ಇತ್ತು. ಅಂಚಿಗೆಲ್ಲ ಸೈಕಲ್ ಪಂಚರಿಗೆ ಹಾಕೋ ಗೋಂದು ಬಳಿದು ಅಂಟಿಸಿದ್ದೆ. ಹಿಂದಿನ ಒಂದು ಮೂಲೆಯಲ್ಲಿ ಮಾತ್ರ ಒಂದು ಸುಕ್ಕು, ಎಳೆದರೂ ಹೋಗದು, ಬೈದರೂ ಹೋಗದು. ಆ ಸುಕ್ಕಿನಿಂದಲೇ ಬಟ್ಟೆ ಕಿತ್ತುಕೊಂಡು ಬೀಳುತ್ತೆ ಅಂತ ನನಗೆ ಹೆದರಿಕೆ.

ಅಷ್ಟರಲ್ಲಿ ಚಪ್ಪರಕ್ಕೆ ಮೇಲ್ಕಟ್ಟು ಕಟ್ಟೋಕೆ ಊರ ಮಡಿವಾಳಣ್ಣ ಬಂದರು. ನಮ್ಮಲ್ಲಿ ಮದುಮಗಳು ಕೂರೋ ಕಡೆ ತಲೆ ಮೇಲೆ ಮಡಿ ಮಾಡಿದ ಬಿಳಿ ಬಟ್ಟೆ ಕಟ್ಟುತ್ತಾರೆ, ಅದೇ ಮೇಲ್ಕಟ್ಟು. ಕಟ್ಟೋ ಹಕ್ಕು ಮಡಿವಾಳರ ಮನೆಯದು, ಬೇರೆಯವರು ಕೈ ಹಾಕೋ ಹಾಗಿಲ್ಲ. ಅವರು ಹೋಗ್ತಾ ಹೋಗ್ತಾ ಕಾರೊಳಗೆ ಇಣುಕಿ ನೋಡಿ ಅಲ್ಲೇ ನಿಂತರು.

"ಇದ್ಯಾರು ಕಟ್ಟಿದ್ದು?"

"ನಾನೇ ಅಣ್ಣ."

"ಮದುಮಗಳ ತಲೆ ಮೇಲಿನ ಬಟ್ಟೆ ನೀನೆಂಗ್ ಕಟ್ದೆ?"

ಇದು ಕಾರಿನ ಭಾಗ ಅಂತ ನಾನಂದೆ, ಮೇಲ್ಕಟ್ಟು ಅಂತ ಅವರಂದರು. ಗೌಡರಿಗೆ ಯಾವ ಕಡೆ ಹೇಳಬೇಕೋ ತಿಳಿಯದೆ ಊರಿನ ಹಿರಿಯರೊಬ್ಬರನ್ನು ಕರೆಸಿದರು. ಅವರು ಕಾರಿನ ಸುತ್ತ ಒಂದು ಸುತ್ತು ಬಂದು ನನ್ನ ವಿಚಾರಣೆ ಶುರು ಮಾಡಿದರು.

"ಬಟ್ಟೆ ಬಿಳೀದಾ?"

"ಊಂ."

"ನಾಲ್ಕು ಮೂಲೆ ಅದಾ?"

"ಅದೆ."

"ಕೆಳಗೆ ಮದುಮಗಳು ಕೂರ್ತಾಳಾ?"

"ಕೂರ್ತಾಳೆ."

"ಮತ್ತಿನ್ನೇನ್ಲಾ? ಮೇಲ್ಕಟ್ಟೇ ಕಣ."

ನಾಲ್ಕನೇ ಮೂಲೆಯನ್ನು ಮಡಿವಾಳಣ್ಣ ಕಟ್ಟಲಿ ಅಂತ ತೀರ್ಮಾನವಾಯ್ತು. ನಾನು ಸುಕ್ಕಿದ್ದ ಮೂಲೆಯನ್ನೇ ಬಿಚ್ಚಿಕೊಟ್ಟೆ. ಅವರು ಬಟ್ಟೆಗೆ ಒಂದಿಷ್ಟು ನೀರು ಚಿಮುಕಿಸಿ, ಎರಡೂ ಕೈಯಲ್ಲಿ ಹಿಡಿದು ಒಂದೇ ಒಂದು ಸಲ ಜಗ್ಗಿ ಒತ್ತಿದರು. ಸುಕ್ಕು ಮಾಯ.

"ಉಳಿದ ಮೂರ್ನೂ ನಾನೇ ಕಟ್ಬುಡ್ಲಾ?" ಅಂತ ಕೇಳಿದರು. ಬೇಡ ಅಂದೆ. ನನಗೂ ಒಂದಿಷ್ಟು ಮರ್ಯಾದೆ ಬೇಕಲ್ಲ.

೫. ಬೀಗರು ನೋಡೋಕೆ ಬಂದಿದ್ದು

ಮದುವೆಯಾಯ್ತು. ಮದುಮಗಳನ್ನು ಕಳಿಸೋವಾಗ ನಾನು ಮುಂದಿನ ಸೀಟಿನಲ್ಲಿ ಕೂತು ಚಾಮರಾಜನಗರದವರೆಗೂ ರಸ್ತೆಯನ್ನೇ ನೋಡಲಿಲ್ಲ, ಕತ್ತೆತ್ತಿ ಬಟ್ಟೆಯನ್ನೇ ನೋಡಿದೆ. ಒಂದು ನೂಲೂ ಜಗ್ಗಲಿಲ್ಲ. ಅವಳ ಮುಡಿಯ ಹೂವು ಮುಡಿದ ಹಾಗೇ ಇತ್ತು. ಗೌಡರ ಮಾನ ಉಳೀತು, ನನಗೂ ಉಸಿರು ಬಂತು.

ಗಂಡಿನ ಸೋದರಮಾವನ ಹತ್ತಿರವೂ ಇಂಥದ್ದೇ ಹಳೇ ಕಾರು, ಇಂಥದ್ದೇ ಜೋತುಬಿದ್ದ ಬಟ್ಟೆ. ಅವರು ಒಳಗೆ ಕೈಯಾಡಿಸಿ, "ಯಾರ ಕೆಲ್ಸ ಇದು?" ಅಂದರು. ನಂದೇ ಅಂದೆ. "ನಾಲ್ಕು ದಿನ ಬುಟ್ಟು ಬತ್ತೀನಿ. ಇನ್ನೊಂದ್ಸಲ ಸರಿಯಾಗಿ ನೋಡಿ ನನ್ ಕಾರೂ ನಿಂಗೇ ಕೊಡ್ತೀನಿ" ಅಂದರು. ನನಗೆ ಹೇಳತೀರದ ಸಂತೋಷ. ಊರಿಗೆ ಬಂದವನೇ ಅಂಗಡಿ ಬೋರ್ಡಿನಲ್ಲಿ ಒಂದು ಕಾರು ಬರೆಯೋಕೆ ಪೇಂಟರಿಗೆ ಹೇಳಿಬಿಟ್ಟೆ.

ನಾಲ್ಕನೇ ದಿನ ಆ ಸೋದರಮಾವ ಬೀಗರು ಬಂದರು. ನನಗೂ ಕರೆ ಬಂತು. ಗೌಡರು ಹೆಮ್ಮೆಯಿಂದ ಕಾರಿನ ಬಾಗಿಲು ತೆಗೆದರು.

ಮೇಲೆ ಬರೀ ತಗಡು. ಹಿಂದಿನ ಸೀಟಿನಲ್ಲಿ ನನ್ನ ಬಟ್ಟೆ, ಒಗೆದು ಇಸ್ತ್ರಿ ಮಾಡಿ ಅಂಚಿಗೆ ಅಂಚು ಸೇರಿಸಿ ಮಡಚಿಟ್ಟಿದ್ದು. ಪಕ್ಕದಲ್ಲಿ ಬಾಳೆನಾರಿನಲ್ಲಿ ಕಟ್ಟಿದ ಐದು ಕಂಬಿ. ನಾನು ಬಾಗಿಲು ಹಾಕಿ ಇನ್ನೊಂದು ಬಾಗಿಲು ತೆಗೆದು ನೋಡಿದೆ. ಅಲ್ಲಿಂದಲೂ ತಗಡೇ.

ಮಡಿವಾಳಣ್ಣನಿಗೆ ಹೇಳಿಕಳಿಸಿದರು. ಅವರು ನಿಧಾನವಾಗಿ ಬಂದರು.

"ಮದ್ವೆ ಮುಗೀತಲ್ಲ ಗೌಡ್ರೆ. ಆಮ್ಯಾಲೂ ಮೇಲ್ಕಟ್ಟು ಬಿಚ್ದೆ ಬುಟ್ರೆ ಮನೆಗೊಳ್ಳೇದಲ್ಲ. ಚಪ್ಪರದ್ದು ಬಿಚ್ದೆ, ಇದ್ನೂ ಬಿಚ್ದೆ. ಆ ಗೋಂದು ಓಗ್ಸೋಕೆ ಎರಡ್ಸಲ ಉಬ್ಬೆಗಿಟ್ಟು ಬೇಯ್ಸಿ ಒಗ್ದೆ."

ಬೀಗರು ನನ್ನ ಕಡೆ ತಿರುಗಿ, "ಎಲ್ಲಪ್ಪ ನಿನ್ ಕೆಲ್ಸ?" ಅಂದರು. ನಾನು ಮಡಚಿದ ಬಟ್ಟೆಯನ್ನೇ ಎತ್ತಿ ಅವರ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಸ್ತ್ರಿ ಚೆನ್ನಾಗದೆ" ಅಂದರು.

"ಈಗ್ಲೇ ತಿರ್ಗ ಕಟ್ಬುಡು, ಬೀಗ್ರು ನೋಡ್ಲಿ" ಅಂತ ಗೌಡರು ಮಡಿವಾಳಣ್ಣನಿಗೆ ಹೇಳಿದರು.

ಅವರು ಬೆಚ್ಚಿಬಿದ್ದರು. "ಮದ್ವೆ ಇಲ್ದೆ ಮೇಲ್ಕಟ್ಟು ಕಟ್ಟೋದುಂಟಾ? ನಿಮ್ ಎರಡನೇ ಅಮ್ಮಣ್ಣಿ ಮದ್ವೆ ಬರ್ಲಿ, ನಾನೇ ನಿಂತ್ಕಂಡು ನಾಲ್ಕು ಮೂಲೇನೂ ಕಟ್ಕೊಡ್ತೀನಿ."

ಬೀಗರು ಆಸೆಯಿಂದ, "ಅದ್ಯಾವಾಗಂತೆ?" ಅಂದರು.

ಗೌಡರ ಆ ಎರಡನೇ ಮಗಳು ಜಗಲಿ ಮೇಲೆ ಕೂತು ಮೂರನೇ ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು.