ಕೀ ಕೈಯಾಗ, ಗಾಡಿ ಚಾಲೂ

ವೈರಿನ ಕೆಲಸಾ ಮಾಡಾವ ಸುಮ್ನ ಕುಂದ್ರತೇನಿ ಅಂದ್ರೂ ಮಂದಿ ಕುಂದ್ರಗೊಡಂಗಿಲ್ಲ ನೋಡ್ರಿ. ದಾಂಡೇಲಿ ಅಂಬೇವಾಡ್ಯಾಗ ನಂದೊಂದು ಸಣ್ಣ ಅಂಗಡಿ. ಬಿದಿರಿನ ಲಾರಿ, ಹಳೇ ಜೀಪು, ಟೆಂಪೋ, ಇವುಗಳ ದೀಪಾ, ಹಾರ್ನು, ಸ್ಟಾರ್ಟರ್ ರಿಪೇರಿ ಮಾಡಿಕೊಂಡು ಇದ್ದಾವ ನಾ. ಬಂದಾವನ ತಲಿ ಮೊದಲ ಕೆಟ್ಟಿರತೈತಿ, ಅಂವ ಹೋಗೂದ್ರಾಗ ನಂದೂ ಕೆಟ್ಟಿರತೈತಿ. ಇದು ದಿನದ ಹಾಡು. ಆದ್ರ ಎರಡು ಸಾವಿರದ ಇಸ್ವಿ ಆದ ಮ್ಯಾಲ ಬಂದ ಒಂದು ಕೆಂಪು ಕಾರು ಎಲ್ಲಾರ ತಲೀನೂ ಒಮ್ಮೆಲೇ ಕೆಡಿಸಿಬಿಡ್ತು.

ಡಬ್ಬಿ ಬಂತು

ಕಾರಿನ ಮಾಲಕ ಹಳಿಯಾಳದ ಸಾವ್ಕಾರ. ಗ್ವಾಂಜಾಳ, ಭತ್ತದ ಅಡತಿ ಅಂಗಡಿ. ವಯಸ್ಸು ಮೂವತ್ತು ದಾಟಿತ್ತು, ಮದಿವಿ ಆಗಿರಲಿಲ್ಲ. ತಂದಿ ತೀರಿಕೊಂಡ ಮ್ಯಾಲ ಮನ್ಯಾಗ ಅವರ ಅವ್ವಾರದ್ದ ಕಡೀ ಮಾತು. ಗೋವಾದಾಗ ಯಾರೋ ಪರದೇಶದಿಂದ ತರಿಸಿದ್ದ ಎರಡ ಬಾಗಿಲಿನ ಜಪಾನಿ ಕಾರನ್ನ ಈ ಮನಷ್ಯಾ ಸೆಕೆಂಡ್ ಹ್ಯಾಂಡ್ ತಗೊಂಡು ಬಂದು ಅಂಗಡಿ ಮುಂದ ನಿಲ್ಲಿಸಿದ್ರು. ನೆಲಕ್ಕ ಅಂಟಿಕೊಂಡಂಗ ಇತ್ತು ಅದು. ಹಳಿಯಾಳ ಮಂದಿ 'ಚಪ್ಪಲಿ ಗಾಡಿ' ಅಂತ ಹೆಸರಿಟ್ರು.

ಹೆಸರಿಟ್ಟು ಸುಮ್ನ ಆಗಿದ್ರ ಚಲೋ ಇತ್ತು. ಹೆಣ್ಣಿನ ಕಡಿಯವ್ರು ಬರೂದು, ಗಾಡಿ ನೋಡೂದು, "ಹುಡುಗ ಭಾಳ ಶೋಕಿ ಅದಾನ" ಅಂತ ಚಾ ಕುಡದು ಹೋಗಿಬಿಡೂದು. ಹಿಂಗ ಆಗಿ ಆಗಿ ಅವ್ವಾರು ಒಂದಿನ ಕಡ್ಡಿ ಮುರದಂಗ ಹೇಳಿಬಿಟ್ರು: "ಮುಂಡಗೋಡ ಕಡೆ ಸನವಳ್ಳಿಯಾಗಿಂದು ಒಂದು ಹೆಣ್ಣು ಉಳದೈತಿ. ಇದೂ ಈ ಗಾಡಿ ಸಂಬಂಧ ತಪ್ಪಿತಂದ್ರ ಮರುದಿನ ಗಾಡಿ ಗೋವಾಕ್ಕ ವಾಪಸ್!"

ಸಾವ್ಕಾರ್ರಿಗೆ ಹುಡುಗಿ ಫೋಟೋನೂ ಮನಸಿಗೆ ಬಂದಿತ್ತು, ಗಾಡಿನೂ ಬಿಡೂ ಹಂಗಿರಲಿಲ್ಲ. ಅಂಥಾ ಹೊತ್ತಿನ್ಯಾಗ ನನ್ನ ಅಂಗಡಿಗೆ ಬಂದು ಮೇಜಿನ ಮ್ಯಾಲ ಒಂದು ಸಣ್ಣ ಡಬ್ಬಿ ಇಟ್ರು.

"ಮಿಸ್ತ್ರಿ, ಇದನ್ನ ಗಾಡಿಗೆ ಕೂಡಸ್ರಿ. ಟರ್ಬೋ ಟೈಮರ್ ಅಂತಾರ ಇದಕ್ಕ."

"ಏನ್ ಮಾಡ್ತೈತ್ರಿ ಇದು?"

"ಕೀ ತಗದು ನಾವು ಇಳದು ಹೋದ ಮ್ಯಾಲೂ ಎಂಜಿನ್ ಸ್ವಲ್ಪ ಹೊತ್ತು ಚಾಲೂ ಇಡತೈತಿ."

ನಾ ಅವರ ಮಾರಿ ನೋಡಿದೆ. ಆರಾಮ ಇದ್ದಂಗ ಕಂಡ್ರು. "ಸಾವ್ಕಾರ್ರ, ಕೀ ತಗದ್ರೂ ಬಂದ್ ಆಗವಲ್ದು ಅಂತ ಬಂದ ಗಾಡಿ ರಿಪೇರಿ ಮಾಡಿ ಮಾಡಿ ನನ್ನ ಕೂದ್ಲ ಹಣ್ಣಾಗ್ಯಾವು. ನೀವು ಚಲೋ ಇದ್ದ ಗಾಡಿಗೆ ಆ ರೋಗಾ ಹಚ್ಚು ಅಂತೀರಲ್ರೀ!"

ಅವರು ಸಮಾಧಾನದಿಂದ ತಿಳಿಸಿ ಹೇಳಿದ್ರು. ಟರ್ಬೋ ಅಂದ್ರ ಎಂಜಿನ್ ಹೊಗಿಯಿಂದ ತಿರಗೂ ಒಂದು ಪಂಖಾ. ಜೋರ ಓಡಿಸಿದ್ರ ಕೆಂಪಗ ಕಾಯ್ತೈತಿ. ಗಕ್ಕನ ಎಂಜಿನ್ ಬಂದ್ ಮಾಡಿದ್ರ ಎಣ್ಣಿ ಹರಿಯೂದು ನಿಂತು, ಇದ್ದ ಎಣ್ಣಿ ಅಲ್ಲೇ ಸುಟ್ಟು ಪಂಖಾ ಹಾಳಾಗ್ತೈತಿ. "ಓಡಿ ಬಂದ ಎತ್ತನ್ನ ಹಂಗ ಕಟ್ಟತಾರೇನ್ರಿ? ಸ್ವಲ್ಪ ಅಡ್ಡಾಡಿಸಿ, ದಣಿವು ಆರಿಸಿ ಕಟ್ಟತಾರಿಲ್ಲೋ?"

"ಹಂಗಾರ ನೀವ ಸ್ವಲ್ಪ ಹೊತ್ತು ಗಾಡ್ಯಾಗ ಕುಂತು, ಆಮ್ಯಾಲ ಬಂದ್ ಮಾಡ್ರಿ. ಡಬ್ಬಿ ಯಾಕ ಬೇಕು?"

ಅವರು ನನ್ನ ಮ್ಯಾಲಿಂದ ಕೆಳಗ ನೋಡಿದ್ರು. "ಮಿಸ್ತ್ರಿ, ಅಷ್ಟು ತಾಳ್ಮಿ ಇದ್ದಾವ ಇಂಥಾ ಗಾಡಿ ಯಾಕ ತಗೋತಾನ?"

ಚಾದಂಗಡಿ ಬಾಂಕು

ಡಬ್ಬಿ ಜೋಡಿ ಬಂದ ಹಾಳಿ ತುಂಬ ಜಪಾನಿ ಅಕ್ಷರ. ನಡುವ ಒಂದು ಚಿತ್ರಾ. ಚಿತ್ರದಾಗಿನ ಮನಷ್ಯಾ ನಗತಿದ್ದ, ಅಷ್ಟು ತಿಳೀತು ನನಗ. ಕೀ ಹಾಕೂ ಸ್ವಿಚ್ಚಿನ ಹಿಂದಿನ ವೈರು ಒಂದೊಂದ ದೀಪಾ ಹಚ್ಚಿ ಪರೀಕ್ಷಾ ಮಾಡಿ, ಬಣ್ಣಕ್ಕ ಬಣ್ಣ ಕೂಡಿಸಿದೆ. ಕಡೀಕ ಒಂದು ವೈರು ಉಳೀತು. "ಇದು ಹ್ಯಾಂಡ್‌ಬ್ರೇಕಿಂದು ಇರಬೇಕು. ಮೊದಲ ಎಂಜಿನ್ ನಡದೀತೇನು ನೋಡೂಣು, ಇದು ಆಮ್ಯಾಲ" ಅಂದ್ರು ಸಾವ್ಕಾರ್ರು. ನಾನೂ ಹೂಂ ಅಂದೆ.

ಗಾಡಿ ತಗೊಂಡು ಕೋಗಿಲಬನದ ತನಕ ಹೋಗಿ ಬಂದ್ರು. ನಮ್ಮ ಕಡೆ ಎಲ್ಲಾ ಘಟ್ಟದ ರಸ್ತೆ, ಹ್ಯಾಂಡ್‌ಬ್ರೇಕ್ ನಂಬೂ ಡ್ರೈವರ್ ಒಬ್ಬಾವೂ ಸಿಗಂಗಿಲ್ಲ. ಗಾಡಿ ನಿಲ್ಲಿಸಿದ್ರ ಗೇರಿನ್ಯಾಗ ಬಿಡಬೇಕು, ಗಾಲಿಗೆ ಒಂದು ಕಲ್ಲು ಕೊಡಬೇಕು. ಸಾವ್ಕಾರ್ರದ್ದೂ ಅದ ರೂಢಿ. ಅಂಗಡಿ ಮುಂದ ನಿಲ್ಲಿಸಿ, ಗೇರು ಹಾಕಿ, ಕೀ ತಗದು ಕಿಡಕ್ಯಾಗ ಎತ್ತಿ ಹಿಡದ್ರು.

"ನೋಡ್ರಿ ಮಿಸ್ತ್ರಿ! ಕೀ ಇಲ್ಲೈತಿ, ಗಾಡಿ ಚಾಲೂ ಐತಿ!"

ಹಂಗಂದು ಖುಷಿಲೆ ಕ್ಲಚ್ ಮ್ಯಾಲಿನ ಕಾಲು ತಗದ್ರು. ಗಾಡಿ ಟಣ್ಣನ ಮುಂದ ಜಿಗೀತು. ಬಾಜೂ ಚಾದಂಗಡಿ ಬಾಂಕಿನ ಮ್ಯಾಲ ಕುಂತಿದ್ದ ಮಂದಿ ಚಾದ ಕಪ್ಪು ಬಶಿ ಸಮೇತ ಹಾರಿ ಆಕಡೆ ಬಿದ್ರು. ಪುಣ್ಯಾಕ್ಕ ಯಾರಿಗೂ ಏನೂ ಆಗಲಿಲ್ಲ, ಬಾಂಕಿನ ಕಾಲು ಮುರೀತು ಅಷ್ಟ.

ಚಾದಂಗಡಿಯಾವ ಸೌಟು ಹಿಡಕೊಂಡ ಹೊರಗ ಬಂದ. "ಯಾರ್ರೀ ಅದು ಗಾಡಿ ಬಿಟ್ಟಾವ್ರು?"

"ನಾ ಬಿಟ್ಟಿಲ್ಲೋ ಮಾರಾಯಾ! ಕೀ ನೋಡ ಬೇಕಾರ, ನನ್ನ ಕೈಯಾಗೈತಿ!"

ಅಂವ ಕೀ ನೋಡಿದ, ಗಾಡಿ ನೋಡಿದ, ನನ್ನ ನೋಡಿದ. "ಹಂಗಾರ ಅದರ ಕೀ ಅದಕ್ಕ ಕೊಟ್ಟುಬಿಡ್ರಿ ಸಾವ್ಕಾರ್ರ. ಕೀ ಇದ್ದಾಗ ಹೇಳಿದ ಮಾತರ ಕೇಳತಿತ್ತು!"

ಜೋಯಿಡಾ ಗೇಟು

ಮರುದಿನ ಹ್ಯಾಂಡ್‌ಬ್ರೇಕ್ ವೈರೂ ಕೂಡಿಸಿದೆ. ಬ್ರೇಕ್ ಎಳದು ನ್ಯೂಟ್ರಲ್‌ನ್ಯಾಗ ಬಿಟ್ರ ಟೈಮರ್ ನಡೀಬೇಕು, ಇಲ್ಲಂದ್ರ ಬಂದ್. ಘಟ್ಟದಾಗ ಪರೀಕ್ಷಾ ಮಾಡೂಣು ಅಂತ ಇಬ್ಬರೂ ಜೋಯಿಡಾ ಕಡೆ ಹೊಂಟ್ವಿ. ಸಾವ್ಕಾರ್ರು ಓಡಿಸಿದ್ದು ನೋಡಿ ನಾ ದೇವ್ರನ್ನ ನೆನಿಸಿಕೋತ ಕುಂತಿದ್ದೆ.

ದಾರ್ಯಾಗ ಅರಣ್ಯದವ್ರ ಗೇಟು. ಕಾಯಾಕ ನಿಂತಾವ ಜೋಯಿಡಾದ ಕೊಂಕಣಿ ಮನಷ್ಯಾ, ಕನ್ನಡಾ ನಿಧಾನ ಮಾತಾಡಾವ. ಕಟ್ಟಿಗಿ ಏನರ ಒಯ್ತಾರೇನು ನೋಡೂದು ಅವನ ಕೆಲಸಾ.

"ಗಾಡಿ ಬಂದ್ ಮಾಡ್ರಿ. ಡಿಕ್ಕಿ ತೆಗೀರಿ."

ಸಾವ್ಕಾರ್ರು ಕೀ ತಗದು, ಇಳದು, ಅದ ಕೀಲೆ ಡಿಕ್ಕಿ ತಗದ್ರು. ಒಳಗ ಸ್ಟೆಪ್ನಿ ಒಂದ ಇತ್ತು. ಅಂವ ಅದನ್ನೂ ಎತ್ತಿ ನೋಡಿದ. ಆಮ್ಯಾಲ ಕಿವಿ ಕೊಟ್ಟು ಕೇಳಿದ.

"ಬಂದ್ ಮಾಡ್ರಿ ಅಂದ್ನಲ್ಲ?"

"ಮಾಡೇನ್ರಿ."

"ಮತ್ತ ಈ ಸಪ್ಪಳಾ?"

"ಅದು ತಾನ ಬಂದ್ ಆಗ್ತೈತ್ರಿ."

"ಯಾವಾಗ?"

ಸಾವ್ಕಾರ್ರು ನನ್ನ ಕಡೆ ನೋಡಿದ್ರು. ನಾ ಡಬ್ಬಿ ಕಡೆ ನೋಡಿದೆ. "ಬಿಸಿ ಇಳದಾಗ್ರಿ" ಅಂದೆ.

"ಕಿತೆಂ ರೇ ಹೆಂ!", ಏನಪಾ ಇದು ಅಂತ ಅಂವ ತನ್ನ ಭಾಷ್ಯಾಗ ಹೌಹಾರಿದ. ಕಿಡಕ್ಯಾಗ ತಲಿ ಹಾಕಿ ಇನ್ನೊಂದು ಕೀ ಐತೇನು ಹುಡುಕಿದ. ಸೀಟಿನ ಕೆಳಗ ಕೈ ಆಡಿಸಿದ. ಅಷ್ಟರಾಗ ಒಳಗಿಂದ ಅವನ ಸಾಹೇಬ್ರು ಕೂಗಿದ್ರು: "ಏ, ಏನದು ಸಪ್ಪಳಾ? ಆ ಗಾಡಿ ಬಂದ್ ಆತೋ ಇಲ್ಲೋ?"

ಪಾಪ, ಅಂವ ತಲಿ ಕೆರಕೊಂಡು ನಿಂತ. "ಮಾಲಕ ಬಂದ್ ಮಾಡ್ಯಾನ್ರಿ ಸಾಹೇಬ್ರ. ಗಾಡಿಗಿನ್ನೂ ಸುದ್ದಿ ಮುಟ್ಟಿಲ್ಲ!"

ಮೆಣಸಿನಕಾಯಿ

ಸಾವ್ಕಾರ್ರು ಹಳಿಯಾಳದ ಮನಿ ಮುಂದ ಮೊದಲನೇ ಸಲ ಗಾಡಿ ಹಂಗ ಚಾಲೂ ಬಿಟ್ಟು ಒಳಗ ಹೋದಾಗ ಅವ್ವಾರು ಹೊರಗ ಬಂದು ನೋಡಿದ್ರಂತ. ಓಡಸಾವ ಮಗಾ ಮನ್ಯಾಗ, ಗಾಡಿ ತಾನ ಗುರ್ ಅನಕೋತ ನಿಂತೈತಿ. "ಎಲ್ಲಾರ ಕಣ್ಣೂ ಬಿದ್ದಾವು, ಗಾಳಿ ಮೆಟ್ಟೇತಿ ಇದಕ್ಕ" ಅಂತ ಉಪ್ಪು, ಮೆಣಸಿನಕಾಯಿ ಮುಟಗ್ಯಾಗ ಹಿಡದು ಗಾಡಿ ಸುತ್ತ ಇಳಿಸಿ ಬೆಂಕ್ಯಾಗ ಒಗದ್ರು. ಒಗಿಯೂದಕ್ಕೂ ಟೈಮರ್ ಮುಗಿಯೂದಕ್ಕೂ ಸರಿ ಆತು. ಗಾಡಿ ಗಪ್ಪ!

ಮಗಾ ಬಂದು ಟರ್ಬೋ, ಎಣ್ಣಿ, ಪಂಖಾ ಅಂತ ಏನ ಹೇಳಿದ್ರೂ ಅವ್ವಾರು ಕೇಳಲಿಲ್ಲ. "ನನ್ನ ಕಣ್ಣ ಮುಂದ ಬಿಡ್ತು, ನೀ ನನಗ ಹೇಳತಿ?" ಅಂದ್ರು. ಅವತ್ತಿಂದ ಗಾಡಿ ಮನಿಗೆ ಬಂದು ನಿಂತ ಕೂಡಲೆ ಮೆಣಸಿನಕಾಯಿ. ಮುಂದ ಯಾರರ ನನ್ನ ಕೇಳಿದ್ರ, "ಸಾವ್ಕಾರ್ರು ಮನ್ಯಾಗದಾರೇನ್ರಿ?" ಅಂತ, ನಾ ಹೇಳತಿದ್ದೆ: "ಅವರ ಓಣ್ಯಾಗ ಹೋಗಿ ನೋಡ್ರಿ. ಮಂದಿ ಕೆಮ್ಮತಿದ್ರ ಅದಾರ."

ಸನವಳ್ಳಿ ಶಿರಾ

ಕಡೀಕ ಸನವಳ್ಳಿಗೆ ಹೋಗೂ ದಿನಾ ಬಂತು. ಬಾಡಿಗಿ ಜೀಪಿನ್ಯಾಗ ಹೋಗೂಣು ಅಂದ್ರು ಅವ್ವಾರು. "ಆಮ್ಯಾಲ ಗೊತ್ತಾಗಿ ತಕರಾರು ಬ್ಯಾಡ, ಇದ್ದದ್ದು ಇದ್ದಂಗ ನೋಡಿಬಿಡ್ಲಿ" ಅಂತ ಸಾವ್ಕಾರ್ರು ಹಟಾ ಹಿಡದ್ರು. ಹಂಗಾರ ಮಿಸ್ತ್ರಿನೂ ಬರಬೇಕು ಅಂತ ಅವ್ವಾರ ಹುಕುಂ. ಹಿಂದಿನ ಸೀಟಿನ್ಯಾಗ ನನ್ನ ಮಡಚಿ ಇಟ್ರು. ಮೊಣಕಾಲು ಗದ್ದಕ್ಕ ಹತ್ತಿದ್ವು. ಹೊಂಡೂದ ತಡಾ ಆಗಿತ್ತು, ಮುಂಡಗೋಡ ತನಕ ಸಾವ್ಕಾರ್ರು ಗಾಡಿ ಹಾರಿಸಿಕೊಂಡು ಹೋದ್ರು. ಎಂಜಿನ್ ಎಷ್ಟು ಕಾಯ್ತೈತೋ ಅಷ್ಟು ಹೊತ್ತು ಹೆಚ್ಚಿಗಿ ನಡಸೂದು ಆ ಡಬ್ಬಿ ಗುಣಾ.

ಮನಿ ಮುಂದ ಇಳದ್ವಿ. ಬ್ರೇಕ್ ಎಳದು, ಕೀ ತಗದು, ಒಳಗ ಹೋಗಿ ಗಾದಿ ಮ್ಯಾಲ ಕುಂತ್ವಿ. ಹುಡುಗಿ ಅಪ್ಪ ಹೊಲಾ ಮನಿ ಇದ್ದ ಗಟ್ಟಿ ಮನಷ್ಯಾ, ದನಿನೂ ಗಟ್ಟಿ. ಹುಡುಗಿ ತಾಟಿನ್ಯಾಗ ಶಿರಾ ತಂದು ಇಟ್ಟಳು. ಸಾವ್ಕಾರ್ರು ಆಕಿ ಮಾರಿ ನೋಡಿದ್ರು, ನಾ ಶಿರಾ ನೋಡಿದೆ. ಎಲ್ಲಾ ಸುರಳೀತ ಹೊಂಟಿತ್ತು. ಹೊರಗ ಗಾಡಿ ಗುರ್ ಅಂತ ಇತ್ತು.

"ಡ್ರೈವರ್ ಹೊರಗ ಕುಂತಾನಲ್ರೀ. ಅಂವನ್ನೂ ಕರೀರಿ, ತಿನ್ಲಿ" ಅಂದ್ರು ಹುಡುಗಿ ಅಪ್ಪ.

"ಡ್ರೈವರ್ ಇಲ್ರಿ ಮಾವಾರ, ನಾನ ಓಡಿಸಿಕೊಂಡು ಬಂದೇನಿ."

"ಮತ್ತ ಗಾಡಿ ಚಾಲೂ ಐತಿ?"

"ಅದು ಹಂಗ ಇರತೈತ್ರಿ."

ಅವರ ಮಾರಿ ಗಂಟಾತು. "ನಮ್ಮ ಬಾಗಿಲಕ್ಕ ಬಂದಾವ ಉಣ್ಣಲಾರದ ಹೊರಗ ಕುಂದ್ರೂ ಪದ್ಧತಿ ನಮ್ಮ ಮನ್ಯಾಗಿಲ್ಲ. ದುಡಿಯಾಕ ಬಂದಾವ ಮನಷ್ಯಾ ಅಲ್ಲೇನು? ಇಲ್ಲ ಅಂತ ಸುಳ್ಳ ಬ್ಯಾರೆ ಹೇಳತೀರಿ!" ಅಂದಾವ್ರ ಒಂದು ತಾಟು ಶಿರಾ ತಗೊಂಡು ತಾವ ಹೊರಗ ನಡದ್ರು. ನಾವು ಹಿಂದಿಂದ ಓಡಿದ್ವಿ.

ಗಾಡಿ ಗಾಜಿಗೆಲ್ಲ ಕರೀ ಹಾಳಿ ಅಂಟಿಸಿತ್ತು, ಒಳಗಿಂದು ಏನೂ ಕಾಣತಿರಲಿಲ್ಲ. ಅವರು ಬಗ್ಗಿ ಗಾಜು ಬಡದ್ರು. "ಬಾರಪಾ ತಮ್ಮಾ. ನಾಚಬ್ಯಾಡ. ನಿಮ್ಮ ಸಾವ್ಕಾರ್ಗ ನಾ ಹೇಳತೇನಿ, ಇಳದು ಬಾ."

ಗುರ್ರ್.

"ಬಾ ಅಂತೇನಿ! ಬಿಸಿ ಐತಿ ಶಿರಾ!"

ಹಂಗನ್ನೂದ ತಡಾ, ಗಾಡಿ ಟಪ್ ಅಂತ ಬಂದ್ ಆತು.

"ನೋಡ್ರಿ!" ಅಂತ ನಮ್ಮ ಕಡೆ ತಿರುಗಿದ್ರು. "ನನ್ನ ಮಾತಿಗೆ ಬಂದ್ ಮಾಡಿದ. ನಿಮ್ಮ ಅಂಜಿಕಿಗೆ ಇಳಿಯಾಕ ಹೆದರತಾನ ಕೂಸು."

ಸಾವ್ಕಾರ್ರು ಗಾಡಿ ಬಾಗಿಲಾ ತಗದುಬಿಟ್ರು. ಒಳಗ ಯಾರೂ ಇಲ್ಲ. ಹುಡುಗಿ ಅಪ್ಪ ಹಿಂದಿನ ಸೀಟಿನ್ಯಾಗ ಹಣಿಕಿ ಹಾಕಿದ್ರು, ಗಾಡಿ ಕೆಳಗ ಬಗ್ಗಿ ನೋಡಿದ್ರು, ಆಮ್ಯಾಲ ಕೈಯಾಗಿನ ಶಿರಾ ನೋಡಿದ್ರು. ಓಣಿ ಮಂದಿ ಎಲ್ಲಾ ಕೂಡಿಬಿಟ್ಟಿತ್ತು. ಒಬ್ಬರು ಕಿಸಕ್ಕನ ನಕ್ರು. ಅಷ್ಟ ಸಾಕಾತು.

"ನನ್ನ ಹುಚ್ಚನ್ನ ಮಾಡಾಕ ಬಂದೀರೇನು? ಖಾಲಿ ಗಾಡಿಗೆ ಶಿರಾ ತಿನಿಸಿದೆ ಅಂತ ನಾಳೆ ಊರೆಲ್ಲಾ ಆಡಿಕೋತೈತಿ! ಹುಡುಗಾಟಕಿ ಮಂದಿಗೆ ಹೆಣ್ಣು ಕೊಡಂಗಿಲ್ಲ ನಾ. ಮಾತು ಮುಗೀತು, ನಡೀರಿ!"

ಅವ್ವಾರು ಸೆರಗು ಸರಿಮಾಡಿಕೊಂಡು, "ನಾಳೆ ಇದು ಗೋವಾಕ್ಕ ಹೋಗೂದ" ಅಂತ ಮಗನಿಗೆ ಹಲ್ಲು ಕಡದು ಹೇಳಿದ್ರು. ನಾ ಸಾವ್ಕಾರ್ರ ಮಾರಿ ನೋಡಿದೆ. ಹುಡುಗಿ ಹೋತು, ಗಾಡಿನೂ ಹೋತು. ಡಬ್ಬಿ ಕೂಡಿಸಿದಾವ ನಾನ ಅಲ್ಲೇನು? ಕೈ ಮುಗದು ಮುಂದ ಹೋದೆ.

"ಯಜಮಾನ್ರ, ತಪ್ಪು ತಿಳೀಬ್ಯಾಡ್ರಿ. ಇದರಾಗ ಒಂದು ಡಬ್ಬಿ ಐತಿ. ಬಂದ್ ಮಾಡಿದ್ರೂ ಎಂಜಿನ್ ಸ್ವಲ್ಪ ಹೊತ್ತು ಗುರ್ ಅಂತೈತಿ. ಒಳಗಿನ ಬಿಸಿ ಇಳದ ಮ್ಯಾಲ ತಾನ ಸುಮ್ಮಾಗ್ತೈತಿ. ಯಾರೂ ಮುಟ್ಟೂದು ಬೇಕಾಗಿಲ್ಲ."

"ಕೇಳಿದ್ರಾ ಇವನ ಮಾತಾ! ಬಂದ್ ಮಾಡಿದ ಮ್ಯಾಲ ನಡಿಯೂದು ಎಲ್ಲೆರ ಐತೇನು ಭೂಮಿ ಮ್ಯಾಲ?"

ಬಾಗಿಲದಾಗ ನಿಂತಿದ್ದ ಹುಡುಗಿ ಇಷ್ಟೊತ್ತೂ ಸೆರಗು ಬಾಯಿಗೆ ಹಿಡಕೊಂಡಿದ್ದಳು. ಈಗ ತಡಿಯಾಕ ಆಗಲಿಲ್ಲ, ನಕ್ಕಬಿಟ್ಟಳು.

"ಐತಲ್ಲಪಾ, ನಮ್ಮ ಮನ್ಯಾಗ ಐತಿ. ಜಗಳಾ ಮುಗದು ಎಲ್ಲಾರೂ ಉಣ್ಣಾಕ ಕುಂತ್ರೂ ನೀ ಒಬ್ಬಾವ ಕಟ್ಟಿ ಮ್ಯಾಲ ಗುರ್ ಅನಕೋತ ಇರ್ತಿ. ಬಿಸಿ ಇಳದ ಮ್ಯಾಲ ನೀನ ಸುಮ್ಮಾಗಿ ಬಂದು ಉಣ್ಣತಿ. ಅವ್ವ ಎಂದರ ಬಂದು ಮುಟ್ಯಾಳೇನು ನಿನ್ನ?"

ಅಪ್ಪ ಕೈಯಾಗಿನ ತಾಟು ಕಟ್ಟಿ ಮ್ಯಾಲ ಕುಕ್ಕಿ ಅಲ್ಲೇ ಕುಂತ್ರು. ಆಮ್ಯಾಲ ಸುರು ಆತು: "ಸಲಿಗಿ ಕೊಟ್ಟೆ... ಸಾಲಿ ಕಲಿಸಿದೆ... ಅಪ್ಪಗ ಮಾತು ಕಲಸ್ತಾಳ... ನಾ ಏನ್ ಗುರ್ ಅಂತೇನಿ... ಎಂದರ ಗುರ್ ಅಂದೇನೇನು..."

ನಾವು ಹೋಗಬೇಕೋ ಕುಂದ್ರಬೇಕೋ ತಿಳೀದ ನಿಂತ್ವಿ. ಹುಡುಗಿ ಅವ್ವ ಒಳಗಿಂದ ಚಾ ತಂದು ಎಲ್ಲಾರಿಗೂ ಕೊಟ್ಟು ಮೆತ್ತಗ ಹೇಳಿದ್ರು: "ಕುಡೀರಿ, ಕುಡೀರಿ. ಇನ್ನೇನು ಬಂದ್ ಆಗ್ತಾರ."

ಅವ್ವಾರು ನನ್ನ ಕಿವಿಗೆ ಬಂದು, "ಮಿಸ್ತ್ರಿ, ಇವರಿಗೆ ಎಷ್ಟು ಹೊತ್ತಿನ ಟೈಮರ್ ಇಟ್ಟಾರ?" ಅಂದ್ರು.

ಅಷ್ಟರಾಗ ಗೊಣಗೂದು ನಿಂತಿತು. ಅವರು ಹೆಗಲ ಮ್ಯಾಲಿನ ಟಾವೆಲ್ಲಿಲೆ ಮಾರಿ ಒರಸಿಕೊಂಡ್ರು. ಗಾಡಿ ಕಡೆ ನೋಡಿದ್ರು, ಮಗಳ ಕಡೆ ನೋಡಿದ್ರು, ಆಮ್ಯಾಲ ಅವ್ವಾರ ಕಡೆ ತಿರುಗಿ ಭಾಳ ಮೆತ್ತಗ ಹೇಳಿದ್ರು:

"ಅಕ್ಕಾರ, ಮದಿವಿ ದಿನಾ ಅಷ್ಟು ಲಗೂನ ಬರ್ರಿ. ಗಾಡಿ ಬಂದ್ ಆಗೂತನಕ ಅಕ್ಕಿಕಾಳು ಹಿಡಕೊಂಡು ನಿಂದ್ರಾಕ ನಮ್ಮ ಮಂದಿಗೆ ಆಗಂಗಿಲ್ಲ."